ಹೋಳಿ ಕಳೆದ ಮೇಲೆ ಬೀದರ್ ನೋಡಬೇಕು

ಬೀದರ್ ನಗರದಿಂದ ಪೂರ್ವಕ್ಕೆ ಮೂರು ಕಿಲೋಮೀಟರ್ ಹೋದರೆ ಅಷ್ಟೂರು. ಬಹಮನಿ ಸುಲ್ತಾನರ ಗುಂಬಜುಗಳು ಅಲ್ಲಿ ಹೊಲಗಳ ನಡುವೆ ಸಾಲಾಗಿ ನಿಂತಿವೆ. ವರ್ಷದ ಬಹುಪಾಲು ದಿನ ಅಲ್ಲಿ ಪಾರಿವಾಳಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೋಳಿ ಹುಣ್ಣಿಮೆ ಕಳೆದ ಇಪ್ಪತ್ತನೆಯ ದಿನ ಮಾತ್ರ ಆ ಬಯಲಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಟಂಟಂ, ಟ್ರ್ಯಾಕ್ಟರ್, ಎತ್ತಿನ ಬಂಡಿ, ಬೈಕುಗಳಲ್ಲಿ ಸುತ್ತಲಿನ ಹಳ್ಳಿಗಳು ಇಡಿಯಾಗಿ ಬಂದಿಳಿಯುತ್ತವೆ. ಅಂದು ಸುಲ್ತಾನ ಅಹ್ಮದ್ ಶಾ ವಲಿಯ ಉರುಸು. ಊರವರು ಅದನ್ನು ಅಷ್ಟೂರ ಜಾತ್ರೆ ಎನ್ನುತ್ತಾರೆ.

ಸುಲ್ತಾನನ ಉರುಸಿನ ದಿನವನ್ನು ಹೋಳಿಯಿಂದ ಎಣಿಸುವುದೇ ಈ ಜಾತ್ರೆಯ ವಿಶೇಷ. ಚಾಂದ್ರಮಾನ ಹಿಜರಿ ಲೆಕ್ಕದಲ್ಲಿ ನಡೆಯುವ ಉರುಸುಗಳು ವರ್ಷ ವರ್ಷಕ್ಕೆ ಹಿಂದೆ ಸರಿಯುತ್ತಾ ಒಮ್ಮೆ ಮಳೆಗಾಲಕ್ಕೆ, ಒಮ್ಮೆ ಚಳಿಗಾಲಕ್ಕೆ ಬೀಳುತ್ತವೆ. ಅಷ್ಟೂರಿನದು ಹಾಗಲ್ಲ. ಪಂಚಾಂಗದ ಪ್ರಕಾರ ಯುಗಾದಿಯ ಬೇವು ಕುಡಿದ ನಾಲ್ಕೈದು ದಿನಕ್ಕೆ ಅದು ಬಂದೇ ಬರುತ್ತದೆ. ಆ ಹೊತ್ತಿಗೆ ಬಿಳಿಜೋಳದ ರಾಶಿ ಮುಗಿದು ಕಣ ಖಾಲಿಯಾಗಿರುತ್ತದೆ, ಕಡಲೆ ಮನೆ ಸೇರಿರುತ್ತದೆ, ಮುಂಗಾರಿನ ಬಿತ್ತನೆ ಇನ್ನೂ ದೂರವಿರುತ್ತದೆ. ರೈತನ ಕೈ ಖಾಲಿಯಿರುವ ದಿನಗಳಿಗೆ ಹಬ್ಬವನ್ನು ಹೊಂದಿಸಿದ ಹಿರಿಯರ ಜಾಣ್ಮೆ ಇಲ್ಲಿ ಎದ್ದು ಕಾಣುತ್ತದೆ.

ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರದೆ ಈ ಉರುಸು ಶುರುವಾಗುವುದಿಲ್ಲ. ಸೂಫಿಗಳ ಉದ್ದ ಟೊಪ್ಪಿಗೆ, ನಿಲುವಂಗಿ ತೊಟ್ಟ ಜಂಗಮರು ಭಕ್ತರ ದಂಡಿನೊಂದಿಗೆ ಗುಂಬಜಿನೊಳಗೆ ನಡೆಯುತ್ತಾರೆ. ಶಂಖ ಊದುತ್ತಾರೆ, ಗೋರಿಗೆ ಹೂ ಏರಿಸುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಅದಾದ ಮೇಲೆಯೇ ಉಳಿದವರ ಸರದಿ. ಮುಸ್ಲಿಮರಿಗೆ ಇಲ್ಲಿ ಮಲಗಿರುವವನು ವಲಿ, ಅಂದರೆ ಸಂತ. ಲಿಂಗಾಯತ ಭಕ್ತರು ಅವನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುತ್ತಾರೆ. ಬರಗಾಲದಲ್ಲಿ ಸುಲ್ತಾನ ಬಯಲಿಗೆ ಬಂದು ಮಳೆಗಾಗಿ ಪ್ರಾರ್ಥಿಸಿದ, ಮಳೆ ಸುರಿಯಿತು, ಜನ ಅವನನ್ನು ವಲಿ ಎಂದರು ಎಂಬ ಕಥೆ ಹಳೆಯ ಚರಿತ್ರೆಕಾರರ ಬರಹದಲ್ಲೂ ಇದೆ. ಮಳೆಯನ್ನೇ ನಂಬಿ ಬದುಕುವ ಸೀಮೆಯಲ್ಲಿ ಮಳೆ ತಂದವನನ್ನು ಜನ ತಮ್ಮವನೆಂದುಕೊಂಡದ್ದು ಸಹಜ.

ಗುಂಬಜಿನ ಒಳಗೆ ಹೋದ ತಕ್ಷಣ ಏನೂ ಕಾಣುವುದಿಲ್ಲ. ದಪ್ಪ ಗೋಡೆ, ಕತ್ತಲೆ, ತಂಪು, ಊದಿನಕಡ್ಡಿಯ ಹೊಗೆ. ಬಾಗಿಲ ಬಳಿ ಬಿಸಿಲಿನಲ್ಲಿ ನಿಂತಿದ್ದ ವಯಸ್ಸಾದ ಚಾಚಾ ಒಬ್ಬರು ಕೈಯಲ್ಲಿದ್ದ ಕನ್ನಡಿಯನ್ನು ಓರೆ ಮಾಡಿದರು. ಬೆಳಕಿನ ತುಂಡೊಂದು ಗೋಡೆ ಏರಿ ಛಾವಣಿಗೆ ಹೋಯಿತು. ಅದು ಹೋದಲ್ಲೆಲ್ಲ ಬಣ್ಣ ಎದ್ದಿತು: ಕುಂಕುಮಗೆಂಪು, ಕಡುನೀಲಿ, ಅವುಗಳ ನಡುವೆ ಬಂಗಾರದ ಬಣ್ಣದ ಅಕ್ಷರಗಳ ಸಾಲು. ಕೂಫಿ, ನಸ್ಖ್, ತುಗ್ರಾ ಶೈಲಿಯ ಆ ಬರಹಗಳ ಸುತ್ತ ಬಳ್ಳಿ, ಹೂ, ಎಲೆಗಳ ಚಿತ್ತಾರ. ‘ಕರೆಂಟಿನ ಬೆಳಕಿನಾಗ ಇದು ಹಿಂಗ ಕಾಣಂಗಿಲ್ರಿ ಸರ. ಸೂರ್ಯನ ಬೆಳಕೇ ಬೇಕು’ ಎಂದರು ಚಾಚಾ. ಕೈ ಒಂದಿಷ್ಟೂ ನಡುಗದಂತೆ ಅವರು ಬೆಳಕನ್ನು ಒಂದೊಂದೇ ಪಟ್ಟಿಯ ಮೇಲೆ ನಿಲ್ಲಿಸುತ್ತಿದ್ದರು. ಮಕ್ಕಳು ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಕರ್ನಾಟಕದಲ್ಲಿ ಸುಮಾರು ಆರುನೂರು ವರ್ಷ ಹಳೆಯ ಇಂಥ ಬಣ್ಣದ ಗೋಡೆ ನೋಡಬೇಕೆನ್ನುವವರು ಅಷ್ಟೂರಿಗೇ ಬರಬೇಕು.

ಹೊರಗೆ ಪೂರಾ ಜಾತ್ರೆ. ಬೆಂಡು ಬತ್ತಾಸಿನ ರಾಶಿ, ಕಾದ ಎಣ್ಣೆಯಲ್ಲಿ ಮಿರ್ಚಿ ಭಜಿ, ಬಳೆಯ ಅಂಗಡಿ, ತೂಗುತೊಟ್ಟಿಲು. ಹೆಣ್ಣುಮಕ್ಕಳು ಸಕ್ಕರೆ ಪೊಟ್ಟಣ ಹಿಡಿದು ಅದರ ಮೇಲೆ ಫಾತೇಹಾ ಓದಿಸಿಕೊಂಡು ಬರಲು ಸಾಲುಗಟ್ಟಿದ್ದರು. ನೊಸಲಿಗೆ ವಿಭೂತಿ ಹಚ್ಚಿದ ಅಜ್ಜಿ ಮೊಮ್ಮಗಳ ಕೈಗೆ ಓದಿಸಿದ ಸಕ್ಕರೆ ಹಾಕಿ, ‘ಕಣ್ಣಿಗೊತ್ತಿಕೊಂಡು ತಿನ್ನವ್ವ’ ಎನ್ನುತ್ತಿದ್ದಳು. ಇನ್ನೊಂದು ಬದಿಗೆ ಕುಸ್ತಿಯ ಮಾತು. ಈ ಕಡೆಯ ಜಾತ್ರೆಗಳಲ್ಲಿ ಕುಸ್ತಿ ತೆಂಗಿನಕಾಯಿಯಿಂದ ಶುರುವಾಗುತ್ತದೆ. ಚಿಕ್ಕ ಹುಡುಗರು ಗೆದ್ದರೆ ಒಂದು ಕಾಯಿ. ಕೊನೆಯ ಜೋಡಿ ಗೆದ್ದವನಿಗೆ ಬೆಳ್ಳಿ ಕಡಗ. ನಡುವೆ ಎಷ್ಟು ಜೋಡಿ ಬಿದ್ದೆದ್ದರೂ ಜನರ ಕಣ್ಣು ಕಡಗದ ಮೇಲೆ.

ಬೇಸರದ ಸಂಗತಿಯನ್ನೂ ಹೇಳಬೇಕು. ಚೈತ್ರದ ಬಿಸಿಲು ಬೀದರಿನ ಕೆಂಪು ಜಂಬಿಟ್ಟಿಗೆ ನೆಲವನ್ನು ಹಂಚಿನಂತೆ ಕಾಯಿಸುತ್ತದೆ. ಅಷ್ಟು ಜನ ಸೇರುವ ಬಯಲಿನಲ್ಲಿ ನೆರಳು ಎಂದರೆ ಕೆಲವು ಮರ ಮತ್ತು ಗುಂಬಜಿನ ಗೋಡೆಯ ಬದಿ ಮಾತ್ರ. ಕೂಸು ಎತ್ತಿಕೊಂಡ ತಾಯಂದಿರು ಕುಡಿಯುವ ನೀರಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದರು. ಹೆಂಗಸರ ಶೌಚಾಲಯದ ಮಾತಂತೂ ಕೇಳಲೇಬಾರದು. ಶತಮಾನಗಳಿಂದ ತಪ್ಪದೆ ನಡೆದು ಬಂದ ಜಾತ್ರೆಗೆ ಒಂದು ಚಪ್ಪರ, ನಾಲ್ಕು ನೀರಿನ ಟ್ಯಾಂಕರ್ ಒದಗಿಸುವುದು ದೊಡ್ಡ ಮಾತಲ್ಲ.

ಇತಿಹಾಸ ಚಿಕ್ಕದಾಗಿ ಹೇಳುವುದಾದರೆ, ಅಹ್ಮದ್ ಶಾ 15ನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. 1436ರಲ್ಲಿ ತೀರಿಕೊಂಡ. ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ, 1481ರಲ್ಲಿ ಸುಳ್ಳು ಆಪಾದನೆಗೆ ಸಿಕ್ಕಿ ತಲೆ ಕಳೆದುಕೊಂಡ. ಆಮೇಲೆ ಬರೀದ್ ಶಾಹಿಗಳು, ಬಿಜಾಪುರದವರು, ಮೊಗಲರು, ನಿಜಾಮರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರಲ್ಲಿ ಬೀದರ್ ಕನ್ನಡ ನಾಡಿಗೆ ಬಂತು. ನಗರದಲ್ಲಿ ಒಂದು ದಿನ ಇರುವವರು ಬಂಡೆ ಕಡಿದು ತೋಡಿದ ಮೂರು ಸುತ್ತಿನ ಕಂದಕವುಳ್ಳ ಕೋಟೆ, ರಂಗೀನ್ ಮಹಲ್, ಗವಾನ್ ಮದರಸಾ, ಚೌಬಾರಾ, ನಾನಕ್ ಝೀರಾ ಗುರುದ್ವಾರ ನೋಡಬಹುದು. ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿನಲ್ಲಿ ನವಸಾಗರ ಬೆರೆಸಿ ಕಪ್ಪು ಬರಿಸುವ ಆ ಕೆಲಸದ ಬಗ್ಗೆ ಬರೆದವರು ಬಹಳ. ನನಗೆ ಈ ಸಲ ಬರೆಯಬೇಕೆನಿಸಿದ್ದು ಇನ್ನೊಂದು ಕಪ್ಪುಬಿಳುಪಿನ ಬಗ್ಗೆ. ಅದಕ್ಕಾಗಿ ಔರಾದಿಗೆ ಹೋಗಬೇಕು.

ಔರಾದ್ ಬೀದರಿನಿಂದ ಸುಮಾರು ನಲವತ್ತು ಕಿಲೋಮೀಟರ್. ಕರ್ನಾಟಕದ ನಕಾಶೆಯಲ್ಲಿ ನೆತ್ತಿಯ ಮೇಲಿರುವ ತಾಲ್ಲೂಕು. ಕೌಠಾ ಸೇತುವೆಯಲ್ಲಿ ಮಾಂಜ್ರಾ ನದಿ ದಾಟಿ ಮುಂದೆ ಹೋದಂತೆ ಬೀದರಿನ ಕೆಂಪು ನೆಲ ಹಿಂದುಳಿದು ಎರೆಭೂಮಿ ತೆರೆದುಕೊಳ್ಳುತ್ತದೆ. ಬಸ್ಸಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಸೀಟಿನಲ್ಲಿ ಕೂತು ಮಾತಾಡುತ್ತವೆ. ಇಲ್ಲಿನ ದೊಡ್ಡ ಜಾತ್ರೆ ಅಮರೇಶ್ವರನದು. ಮಹಾಶಿವರಾತ್ರಿಯ ಹೊತ್ತಿಗೆ ನಡೆಯುವ ಅದಕ್ಕೆ ಮಹಾರಾಷ್ಟ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ. ಅಗ್ನಿಪೂಜೆ, ಪಲ್ಲಕ್ಕಿ, ಕುಸ್ತಿ, ಜೊತೆಗೆ ದನಗಳ ಜಾತ್ರೆ. ನಾನು ಹೋದಾಗ ಈ ವರ್ಷದ್ದು ಮುಗಿದಿತ್ತು. ಆದರೆ ಜಾತ್ರೆಯ ಮಾತು ಮುಗಿದಿರಲಿಲ್ಲ.

ಊರ ಹೊರಗೆ ಬೇವಿನ ಮರದಡಿ ಜೋಡೆತ್ತು ಕಟ್ಟಿಕೊಂಡು ಕೂತಿದ್ದ ಹಿರಿಯರೊಬ್ಬರನ್ನು ‘ಕಾಕಾ, ಇವು ಯಾವ ತಳಿ?’ ಎಂದು ಕೇಳಿದ್ದೇ ತಡ, ಅವರು ಎದ್ದು ನಿಂತರು. ‘ದೇವಣಿರೀ! ಮತ್ಯಾವ ತಳಿ ಬೇಕ್ರಿ ನಮಗ?’ ಎಂದು ಒಂದು ಎತ್ತಿನ ಗಂಗೆದೊಗಲು ಹಿಡಿದು ಪಾಠ ಶುರುಮಾಡಿದರು. ಗಡಿಯಾಚೆ ಲಾತೂರ್ ಜಿಲ್ಲೆಯ ದೇವಣಿ ಊರಿನ ಹೆಸರು ಹೊತ್ತ ಈ ತಳಿಗೆ ಔರಾದ್, ಭಾಲ್ಕಿಗಳೂ ತವರು. ಉಬ್ಬಿದ ಅಗಲ ಹಣೆ, ಜೋತುಬಿದ್ದ ಉದ್ದ ಕಿವಿ, ಸಡಿಲ ಚರ್ಮ. ಬಣ್ಣದಲ್ಲಿ ಮೂರು ಬಗೆ. ಮೈಯೆಲ್ಲ ಬಿಳಿ, ಮುಖದ ಬದಿ ಮಾತ್ರ ಕಪ್ಪಿದ್ದರೆ ವಾನ್ನೇರಾ. ಮೈಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಯಿದ್ದರೆ ಬಾಲಂಕ್ಯಾ. ಬಿಳಿ ಮೈಮೇಲೆ ಅಲ್ಲಲ್ಲಿ ಮಸಿ ಚೆಲ್ಲಿದ ಹಾಗಿದ್ದರೆ ಶೇವೇರಾ. ಕಾಕಾನ ಎತ್ತುಗಳು ಶೇವೇರಾ. ಕೋಡಿಗೆ ಬಳಿದಿದ್ದ ಬಣ್ಣ ಇನ್ನೂ ಮಾಸಿರಲಿಲ್ಲ, ಕೊರಳಲ್ಲಿ ಹಿತ್ತಾಳೆ ಗೆಜ್ಜೆ ಹಾಗೇ ಇತ್ತು.

‘ಇದು ಹಾಲಿಗೂ ಬರ್ತದ, ಹೊಲಕ್ಕೂ ಬರ್ತದ. ಬಿಸಲಿಗಿ ಬಗ್ಗಂಗಿಲ್ಲ. ಸೊಪ್ಪಿ ಹಾಕಿದ್ರೂ ತಿಂದು ದುಡೀತದ’ ಎಂದರು. ಮಾತು ಜಾತ್ರೆಗೆ ಹೊರಳಿತು. ಹಿಂದೆ ದನ ಕಟ್ಟಲು ಜಾಗ ಹಿಡಿಯುವುದಕ್ಕೇ ಎರಡು ದಿನ ಮೊದಲು ಹೋಗಬೇಕಿತ್ತಂತೆ. ದಲ್ಲಾಳಿಗಳು ಟವೆಲ್ ಮುಚ್ಚಿ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದರಂತೆ. ಈಗ ಸಾಲು ಮೊಟಕಾಗಿದೆ. ‘ಒಂದು ಜೋಡಿ ಎತ್ತಿಗಿ ದಿನಾ ಮೇವು, ನೀರು, ಒಬ್ಬ ಆಳು. ಟ್ರ್ಯಾಕ್ಟರ್‌ಗಿ ದುಡಿದ ದಿನ ಡೀಸೆಲ್ ಹಾಕಿದ್ರ ಆಯ್ತು. ಹುಡುಗರು ಹೈದರಾಬಾದ್, ಪುಣಾ ಹಿಡದಾರ. ಮನ್ಯಾಗ ಯಾರ ಅದಾರ್ರಿ ಸಗಣಿ ಬಳೀಲಿಕ್ಕ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸೋಯಾಬೀನ್ ಬಂದ ಮೇಲೆ ಜೋಳ ಬಿತ್ತುವ ಹೊಲ ಕಡಿಮೆಯಾಯಿತು, ಜೋಳ ಕಡಿಮೆಯಾದ ಮೇಲೆ ಕಣಿಕೆ ಕಡಿಮೆಯಾಯಿತು, ಕಣಿಕೆಯಿಲ್ಲದೆ ದನ ಹೇಗೆ ನಿಲ್ಲಬೇಕು ಎಂಬುದು ಅವರ ಲೆಕ್ಕ. ಅಷ್ಟು ನೇರವಾಗಿ ಅದನ್ನು ಯಾವ ವರದಿಯೂ ನನಗೆ ಹೇಳಿರಲಿಲ್ಲ.

ಪ್ರಯತ್ನಗಳು ಇಲ್ಲವೆಂದಲ್ಲ. ಪಶು ವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ. ದೇವಣಿ ತಳಿಗಾಗಿಯೇ ಅದರ ಸಂಶೋಧನಾ ಕೇಂದ್ರ ಕಟ್ಟಿತೂಗಾಂವದಲ್ಲಿ ಕೆಲಸ ಮಾಡುತ್ತಿದೆ. ಆದರೆ ತಳಿ ಉಳಿಯಬೇಕಾದದ್ದು ರೈತರ ಕೊಟ್ಟಿಗೆಯಲ್ಲಿ. ಜಾತ್ರೆಯಲ್ಲಿ ಒಳ್ಳೆಯ ಬೆಲೆ, ಒಳ್ಳೆಯ ಹೋರಿಗೆ ಹೆಸರು, ಕರು ಸಾಕಿದವನಿಗೆ ನಾಲ್ಕು ಜನರೆದುರು ಶಾಲು ಸಿಕ್ಕಿದರೆ ಕಾಕಾನಂಥವರು ಇನ್ನೂ ಕೆಲವು ವರ್ಷ ಹಗ್ಗ ಬಿಡುವುದಿಲ್ಲ. ದನಗಳ ಜಾತ್ರೆ ಬರೀ ಸಂತೆಯಲ್ಲ, ತಳಿಯ ಪರೀಕ್ಷೆಯೂ ಅಲ್ಲೇ ನಡೆಯುತ್ತದೆ. ಅದು ನಿಂತರೆ ತಳಿ ನಿಲ್ಲುವುದು ಕಷ್ಟ.

ಔರಾದಿಗೆ ರೈಲಿಲ್ಲ. ಬೀದರಿನಿಂದ ಔರಾದ್ ಮೇಲೆ ನಾಂದೇಡಕ್ಕೆ ಹಳಿ ಹಾಕಬೇಕೆಂಬ ಬೇಡಿಕೆ ಹಳೆಯದು. ಚಹಾದಂಗಡಿಯಲ್ಲಿ ಹತ್ತು ನಿಮಿಷ ಕೂತರೂ ಆ ಮಾತು ಬರುತ್ತದೆ. ಸಂಜೆ ಬಸ್ಸು ತಪ್ಪಿದರೆ ಜೀಪೇ ಗತಿ.

ಭಾಲ್ಕಿಗೆ ಆ ತೊಂದರೆಯಿಲ್ಲ, ರೈಲಿದೆ. ಬೀದರಿನಿಂದ ಅದೂ ನಲವತ್ತು ಕಿಲೋಮೀಟರ್ ಆಸುಪಾಸು. ಅದೇ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಗುಡಿ. ಅದರ ದೊಡ್ಡ ಜಾತ್ರೆ ಚಂಪಾಷಷ್ಠಿಗೆ. ಉಳಿದ ಕಾಲದಲ್ಲೂ ಭಾನುವಾರ ಬಂತೆಂದರೆ ಭಂಡಾರದ ಹಳದಿ ಅಂಗಳದಲ್ಲಿ ಹಾರುತ್ತಲೇ ಇರುತ್ತದೆ. ಭಾಲ್ಕಿ ಪೇಟೆಯಲ್ಲಿ ಹೋಳಿ ಹಬ್ಬಕ್ಕೆ ಕಟ್ಟಿದ ಸಕ್ಕರೆ ಸರಗಳು ಇನ್ನೂ ಒಂದೆರಡು ಅಂಗಡಿಯಲ್ಲಿ ತೂಗುತ್ತಿದ್ದವು. ಕಟ್ಟಿಗೆಯ ಅಚ್ಚಿನಲ್ಲಿ ದಾರ ಹಾಸಿ, ಕುದಿವ ಪಾಕ ಹೊಯ್ದು, ಆರಿದ ಮೇಲೆ ಬಿಡಿಸಿದರೆ ಸರ ಸಿದ್ಧ. ಹೋಳಿ ಹಬ್ಬದಲ್ಲಿ ಮಕ್ಕಳ ಕೊರಳಿಗೆ ಅದನ್ನು ಹಾಕುವುದು ಈ ಸೀಮೆಯ ಪದ್ಧತಿ. ಚಾಕಲೇಟು ಬಂದ ಮೇಲೂ ಅದನ್ನು ಬಿಡದ ಮನೆಗಳಿವೆ ಎಂಬುದು ಸಂತೋಷ ಕೊಟ್ಟಿತು.

ಭಾಲ್ಕಿಯ ವಸಂತ ಕೊನೆಗೊಳ್ಳುವುದು ಹಿರೇಮಠದ ವಚನ ಜಾತ್ರೆಯಲ್ಲಿ. ಕಮಲನಗರದಲ್ಲಿ ಹುಟ್ಟಿ ನೂರು ದಾಟಿ ಬಾಳಿದ ಚನ್ನಬಸವ ಪಟ್ಟದ್ದೇವರು 1999ರ ಏಪ್ರಿಲ್ 22ರಂದು ಲಿಂಗೈಕ್ಯರಾದರು. ಆ ಸ್ಮರಣೆಗೆ ಪ್ರತಿವರ್ಷ ಏಪ್ರಿಲ್‌ನಲ್ಲಿ ಈ ಜಾತ್ರೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಅನುಮತಿ ಸಿಗುವುದೇ ಕಷ್ಟವಾಗಿದ್ದಾಗ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಈ ಭಾಗದಲ್ಲಿ ಇಂದು ಕನ್ನಡ ಓದುವ ಎಷ್ಟೋ ಮನೆಗಳು ಆ ಫಲಕದ ಋಣದಲ್ಲಿವೆ. ವಚನ ಜಾತ್ರೆಯಲ್ಲಿ ವಚನಗಳ ಗಾಯನ, ಗೋಷ್ಠಿ, ದಾಸೋಹ. ಈಗಿನ ಹಿರಿಯ ಸ್ವಾಮೀಜಿ ಬಸವಲಿಂಗ ಪಟ್ಟದ್ದೇವರು ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಮಠದಲ್ಲೇ ಸಾಕಿ ಓದಿಸುತ್ತಿದ್ದಾರೆ.

ಬೀದರ್ ಎಂದರೆ ಕೋಟೆ ಮತ್ತು ಬಿದರಿ ಎಂದಷ್ಟೇ ತಿಳಿದವರು ಒಮ್ಮೆ ಶಿವರಾತ್ರಿಯಿಂದ ಏಪ್ರಿಲ್ ಕೊನೆಯೊಳಗೆ ಬನ್ನಿ. ಮೊದಲು ಔರಾದಿನ ದನಗಳ ಜಾತ್ರೆ, ಯುಗಾದಿಯ ಮಗ್ಗುಲಿಗೆ ಅಷ್ಟೂರು, ಕೊನೆಗೆ ಭಾಲ್ಕಿ. ಅಷ್ಟೂರಿಗೆ ಬೆಳಿಗ್ಗೆ ಬೇಗ ಹೋಗಿ, ತಲೆಗೆ ಟವೆಲ್, ಕೈಯಲ್ಲಿ ನೀರಿರಲಿ. ಈ ಜಾತ್ರೆಗಳನ್ನು ಇಲ್ಲಿಯವರೆಗೆ ಉಳಿಸಿಕೊಂಡು ಬಂದವರು ಸಕ್ಕರೆ ಓದಿಸುವ ಅಜ್ಜಿಯರು, ಎತ್ತು ಸಿಂಗರಿಸುವ ರೈತರು, ನಡೆದು ಬರುವ ಭಕ್ತರು. ಅವರಿಗೆ ಬೇಕಾದದ್ದು ಮೂರೇ: ನೆರಳು, ಕುಡಿಯುವ ನೀರು, ರಾತ್ರಿ ಊರಿಗೆ ಮರಳಲು ಒಂದು ಬಸ್ಸು. ಮುಂದಿನ ಶಿವರಾತ್ರಿಯೊಳಗೆ ಜಿಲ್ಲೆಯ ಹೊಣೆ ಹೊತ್ತವರು ಇಷ್ಟನ್ನು ಮಾಡಿಕೊಡಲಿ.