ಗೀಜರ್ ಒಳಗಿನ ರಾಡು ಬೇಕಾ, ಬೇಡವಾ?

ನಮ್ಮ ಕಡೆ ಹಳೇ ಮನೆಗಳ ಬಚ್ಚಲದಾಗ ಇನ್ನೂ ತಾಮ್ರದ ಬಂಬ ಕಾಣ್ತದೆ. ನಡುವೆ ಬೆಂಕಿಯ ಕೊಳವೆ, ಸುತ್ತಲೂ ನೀರು. ಅಜ್ಜ ತಂದ ಬಂಬದಲ್ಲಿ ಮೊಮ್ಮಕ್ಕಳು ಸ್ನಾನ ಮಾಡ್ತಾರೆ. ಅದೇ ಮನೆಯ ಮಹಡಿ ಮೇಲೆ ಐದಾರು ವರ್ಷದ ಹಿಂದೆ ಹಾಕಿಸಿದ ಗೀಜರ್ ಮಾತ್ರ ಅಡಿಯಿಂದ ಕೆಂಪು ನೀರು ಸೋರಲು ಶುರು ಮಾಡಿರ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿಯೇ ಕೇಳಿದ್ರೂ ಸಾಮಾನ್ಯವಾಗಿ ಸಿಗೋ ಉತ್ತರ ಒಂದೇ: "ನೀರು ಸವಳ ಐತ್ರಿ, ಅದಕ್ಕ ಹೋತು."

ಈ ಉತ್ತರ ಅರ್ಧ ಸರಿ. ಉಳಿದ ಅರ್ಧ ಆ ಗೀಜರ್ ಒಳಗೇ ಇತ್ತು, ಯಾರೂ ತೆಗೆದು ನೋಡಿರಲಿಲ್ಲ. ಅದರ ಹೆಸರು ಆನೋಡ್ ರಾಡ್.

ಬಹಳಷ್ಟು ಸ್ಟೋರೇಜ್ ಗೀಜರ್‌ಗಳ ಟ್ಯಾಂಕು ಮಾಮೂಲಿ ಉಕ್ಕಿನದು. ಬಿಸಿನೀರಿಗೆ ಬರೀ ಉಕ್ಕು ಸಿಕ್ಕರೆ ತುಕ್ಕು ಗ್ಯಾರಂಟಿ. ಅದಕ್ಕೆ ಒಳಗೆ ಗಾಜಿನ ಪುಡಿಯ ಲೇಪ ಕೊಟ್ಟು ಕುಲುಮೆಯಲ್ಲಿ ಸುಡ್ತಾರೆ. ಡಬ್ಬಿ ಮೇಲೆ 'ಗ್ಲಾಸ್‌ಲೈನ್ಡ್' ಅಂತ ಬರೆದಿರೋದು ಇದನ್ನೇ. ಆದ್ರೆ ವೆಲ್ಡಿಂಗ್ ಇರೋ ಕಡೆ, ಮೂಲೆಗಳಲ್ಲಿ, ಫ್ಲ್ಯಾಂಜ್ ಹತ್ತಿರ ಈ ಗಾಜಿನ ಪದರದಲ್ಲಿ ಸೂಜಿ ಮೊನೆಯಷ್ಟು ತೂತುಗಳು ಉಳಿದೇ ಉಳೀತಾವೆ. ದಿನಾ ಕಾದು ತಣ್ಣಗಾಗೋದ್ರಿಂದ ಕಾಲ ಕಳೆದಂತೆ ಹೊಸ ಬಿರುಕೂ ಬರಬಹುದು. ಅಲ್ಲಿ ಉಕ್ಕು ಬತ್ತಲೆ. ಆ ಬತ್ತಲೆ ಜಾಗವನ್ನು ಕಾಯೋಕೆ ಇಟ್ಟಿರೋದೇ ಈ ಮೆಗ್ನೀಷಿಯಂ ಕಡ್ಡಿ.

ಹೇಗೆ ಕಾಯ್ತದೆ ಅನ್ನೋದು ಕೆಮಿಸ್ಟ್ರಿ ಸೈಕಲ್ ಮುಗಿಸಿದವರಿಗೆ ಗೊತ್ತಿರಬೇಕು. ಪರೀಕ್ಷೆ ಮುಗಿದ ಮರುದಿನ ಮರೆತಿದ್ರೆ ಇಲ್ಲಿದೆ. ಸ್ಟ್ಯಾಂಡರ್ಡ್ ಎಲೆಕ್ಟ್ರೋಡ್ ಪೊಟೆನ್ಷಿಯಲ್ ನೋಡಿದ್ರೆ ಕಬ್ಬಿಣ ಮೈನಸ್ 0.44 ವೋಲ್ಟ್, ಮೆಗ್ನೀಷಿಯಂ ಮೈನಸ್ 2.37 ವೋಲ್ಟ್, ತಾಮ್ರ ಪ್ಲಸ್ 0.34 ವೋಲ್ಟ್. ಎರಡು ಲೋಹ ಒಂದೇ ನೀರಲ್ಲಿದ್ದು, ಒಂದಕ್ಕೊಂದು ತಾಗಿಕೊಂಡಿದ್ರೆ, ಹೆಚ್ಚು ಮೈನಸ್ ಇರೋದು ಎಲೆಕ್ಟ್ರಾನ್ ಕೊಟ್ಟು ಕರಗ್ತದೆ. ಇನ್ನೊಂದು ಕ್ಯಾಥೋಡ್ ಆಗಿ ಉಳೀತದೆ. ಟ್ಯಾಂಕಿನ ಬದಲು ರಾಡು ಸವೀತದೆ. ತಾಮ್ರದ ಬಂಬಕ್ಕೆ ಯಾವ ರಾಡೂ ಯಾಕೆ ಬೇಡ ಅನ್ನೋದಕ್ಕೂ ಇಲ್ಲೇ ಉತ್ತರ ಇದೆ: ತಾಮ್ರ ತಾನಾಗಿಯೇ ಸುಲಭಕ್ಕೆ ಕರಗೋ ಲೋಹ ಅಲ್ಲ.

ಈ ಉಪಾಯ ಹೊಸದಲ್ಲ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊಡೆದಿದ್ದ ತಾಮ್ರದ ತಗಡನ್ನು ಉಳಿಸಲು ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿ ನೋಡಿದ. ತಾಮ್ರ ಉಳೀತು. ಆದ್ರೆ ಅಲ್ಲಿಯವರೆಗೆ ಕರಗುತ್ತಿದ್ದ ತಾಮ್ರವೇ ಸಮುದ್ರದ ಜೀವಿಗಳಿಗೆ ವಿಷವಾಗಿ ಅವನ್ನು ದೂರ ಇಟ್ಟಿತ್ತು. ಕರಗೋದು ನಿಂತ ಮೇಲೆ ಚಿಪ್ಪು, ಪಾಚಿ ಎಲ್ಲಾ ಮೆತ್ತಿಕೊಂಡು ಹಡಗುಗಳ ವೇಗ ಇಳೀತು! ಕೆಮಿಸ್ಟ್ರಿ ಪಾಸು, ಪ್ರಾಜೆಕ್ಟ್ ಫೇಲು. ನಮಗೂ ಇಂಥ ಪ್ರಾಜೆಕ್ಟ್‌ಗಳು ಗೊತ್ತೇ ಇವೆ.

ಸರಿ, ರಾಡು ಬೇಕಾ ಬೇಡವಾ? ಇದನ್ನು ತೀರ್ಮಾನ ಮಾಡೋದು ನೀರಲ್ಲ, ಟ್ಯಾಂಕಿನ ಲೋಹ. ಇಷ್ಟು ಒಂದು ತಿಳಿದ್ರೆ ಅರ್ಧ ಗೊಂದಲ ಹೋಗ್ತದೆ. ಅಮೆರಿಕದಲ್ಲಿ ಆರ್‌ವಿ ಅಂತ ಅಡುಗೆಮನೆ, ಬಚ್ಚಲು ಎಲ್ಲಾ ಒಳಗೇ ಇರೋ ದೊಡ್ಡ ಗಾಡಿಗಳಿವೆಯಲ್ಲ, ಅಲ್ಲೂ ಇದೇ ಪ್ರಶ್ನೆ. ಸಬರ್ಬನ್ ಕಂಪನಿಯ ಹೀಟರ್‌ಗಳಲ್ಲಿ ಒಳಲೇಪ ಇರೋ ಉಕ್ಕಿನ ಟ್ಯಾಂಕು, ಹಾಗಾಗಿ ರಾಡು ಬೇಕು. ಆಟ್‌ವುಡ್ ಹೀಟರ್‌ಗಳದು ಅಲ್ಯೂಮಿನಿಯಂ ಟ್ಯಾಂಕು, ಅದಕ್ಕೆ ರಾಡು ಇಲ್ಲದೇನೇ ನಡೀತದೆ. ಎರಡಕ್ಕೂ ಹಾಕೋದು ಅದೇ ನೀರು.

ನಮ್ಮಲ್ಲೂ ಹಾಗೇ. ಅಡುಗೆಮನೆಯ 3 ಲೀಟರಿನ ಇನ್‌ಸ್ಟಂಟ್ ಗೀಜರ್‌ನಲ್ಲಿ ಹೆಚ್ಚಾಗಿ ಸ್ಟೇನ್‌ಲೆಸ್ ಟ್ಯಾಂಕು ಇರ್ತದೆ, ರಾಡು ಇರೋದಿಲ್ಲ. ಹುಡುಕಿ ಹಾಕಿಸೋ ಅಗತ್ಯವೂ ಇಲ್ಲ. 10, 15, 25 ಲೀಟರಿನ ಗ್ಲಾಸ್‌ಲೈನ್ಡ್ ಉಕ್ಕಿನ ಟ್ಯಾಂಕಾದ್ರೆ ರಾಡು ಬೇಕೇ ಬೇಕು, ಅದರಲ್ಲಿ ಚರ್ಚೆ ಇಲ್ಲ. ಛಾವಣಿ ಮೇಲಿನ ಸೋಲಾರ್‌ನಲ್ಲಿ ಸ್ವಲ್ಪ ಎಚ್ಚರ. ಸ್ಟೇನ್‌ಲೆಸ್ ಅಂದ್ರೆ ಏನೂ ಆಗಲ್ಲ ಅಂತಲ್ಲ. ನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇದ್ದು, ನೀರು ಬಿಸಿಯೂ ಇದ್ರೆ, 304 ಗ್ರೇಡ್ ಸ್ಟೇನ್‌ಲೆಸ್‌ನಲ್ಲೂ ಸಣ್ಣ ಸಣ್ಣ ಗುಳಿ ಬೀಳ್ತಾವೆ. ಗ್ಯಾಲ್ವನೈಸ್ಡ್ ಟ್ಯಾಂಕಿನ ಕಥೆ ಇನ್ನೂ ವಿಚಿತ್ರ. ತಣ್ಣೀರಲ್ಲಿ ಸತು ಕಬ್ಬಿಣವನ್ನು ಕಾಯ್ತದೆ. ಸುಮಾರು 60 ಡಿಗ್ರಿ ದಾಟಿದ ಮೇಲೆ ಕೆಲವು ನೀರುಗಳಲ್ಲಿ ಪಾತ್ರ ಅದಲುಬದಲಾಗಿ, ಸತುವಿನ ಬದಲು ಕಬ್ಬಿಣವೇ ಕರಗೋಕೆ ಶುರುವಾಗ್ತದೆ.

ಹಾಗಾದ್ರೆ ಸವಳು ನೀರಿನ ಪಾತ್ರ ಏನು? ಅದು ರಾಡು ಎಷ್ಟು ದಿನ ಬಾಳ್ತದೆ ಅನ್ನೋದನ್ನು ತೀರ್ಮಾನ ಮಾಡ್ತದೆ. ಇಲ್ಲಿ ನಮ್ಮವರು ಎರಡು ಬೇರೆ ರೋಗಗಳನ್ನು ಒಂದೇ ಅಂದುಕೊಂಡಿದ್ದಾರೆ. ಬಕೆಟ್ಟಿಗೆ, ನಲ್ಲಿಗೆ, ಕಾಯಿಲ್‌ಗೆ ಬಿಳಿ ಪೊರೆ ಕಟ್ಟೋದು ಗಡಸುತನ, ಅಂದ್ರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು. ತುಕ್ಕು ಹಿಡಿಯೋದು ಬೇರೆ ಕಥೆ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರೀತದೆ ಅನ್ನೋದು ಅಲ್ಲಿ ಮುಖ್ಯ, ಅದು ಒಟ್ಟು ಕರಗಿರೋ ಲವಣದ ಮೇಲೆ, ಅಂದ್ರೆ ಟಿಡಿಎಸ್ ಮೇಲೆ ನಿಂತಿದೆ. ಆನೋಡ್ ರಾಡು ಬಿಳಿ ಪೊರೆಯನ್ನು ತಡೆಯೋದಿಲ್ಲ. "ರಾಡ್ ಹಾಕ್ಸೇನಿ, ಆದ್ರೂ ಕಾಯಿಲ್ ಸುಟ್ಟತು" ಅನ್ನೋರು ಕೇಳಬೇಕಾದ ಮಾತು ಇದು.

ಇನ್ನೊಂದು ತಮಾಷೆ. ಉಪ್ಪು ಹಾಕೋ ಸಾಫ್ಟನರ್ ಕೂರಿಸಿದ್ರೆ ಗಡಸುತನ ಹೋಗ್ತದೆ, ಪೊರೆ ನಿಲ್ತದೆ. ಆದ್ರೆ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂತಿರ್ತದೆ ಅಷ್ಟೇ, ಲವಣ ಎಲ್ಲೂ ಹೋಗಿಲ್ಲ. ಅಂಥ ಮನೆಯಲ್ಲೇ ರಾಡು ಬೇಗ ಸವೆಯೋದು ಜಾಸ್ತಿ.

ನಮ್ಮ ಐದೂ ತಾಲೂಕಿನ ನೀರು ಒಂದೇ ಥರ ಅಲ್ಲ ಅನ್ನೋದೂ ಮುಖ್ಯ. ಕೃಷ್ಣಾ, ದೂಧಗಂಗಾ, ವೇದಗಂಗಾ ಹೊಳಿ ನೀರು ಬರೋ ಊರಿಗೂ, ಅಥಣಿಯ ಪೂರ್ವ ಭಾಗದ ಬೋರ್ ನೀರಿಗೂ ಹೋಲಿಕೆ ಇಲ್ಲ. ಹೊಳಿ ದಂಡೆಯ ಊರಲ್ಲೂ ಕಬ್ಬಿಗೆ ವರ್ಷಗಟ್ಟಲೆ ನೀರು ಬಿಟ್ಟು ಸವಳು-ಜವಳಾದ ಹೊಲದ ಪಕ್ಕದ ಬೋರ್ ಇದ್ರೆ, ನದಿ ಕಣ್ಣೆದುರೇ ಇದ್ರೂ ಗೀಜರ್‌ಗೆ ಹೋಗೋದು ಉಪ್ಪಿನ ನೀರೇ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ರೆ 2000ದವರೆಗೆ ಒಪ್ಪಬಹುದು. ಗಡಸುತನಕ್ಕೆ ಇದೇ ಮಿತಿಗಳು 200 ಮತ್ತು 600. ಪೆನ್ನಿನಂಥ ಟಿಡಿಎಸ್ ಮೀಟರ್ ನಿಮ್ಮ ಗೆಳೆಯರಲ್ಲಿ ಯಾರ ಹತ್ತಿರವಾದ್ರೂ ಇದ್ದೇ ಇರ್ತದೆ, ಊರಿಗೆ ಹೋದಾಗ ಒಮ್ಮೆ ಅದ್ದಿ ನೋಡಿ.

ರಾಡು ಎಷ್ಟು ದಿನ ಬರ್ತದೆ ಅಂತ ಲೆಕ್ಕ ಹಾಕೋದು ಸುಲಭ. ಫ್ಯಾರಡೆ ನಿಯಮದ ಪ್ರಕಾರ ಒಂದು ಗ್ರಾಂ ಮೆಗ್ನೀಷಿಯಂ ಸುಮಾರು 2.2 ಆಂಪಿಯರ್-ಗಂಟೆ ಚಾರ್ಜ್ ಕೊಡ್ತದೆ. ಇದರಲ್ಲಿ ಹೆಚ್ಚುಕಮ್ಮಿ ಅರ್ಧ ರಾಡಿನ ಮೇಲೇ ಹೈಡ್ರೋಜನ್ ಗುಳ್ಳೆಯಾಗಿ ವ್ಯರ್ಥ. 100 ಗ್ರಾಂ ರಾಡು ಅಂದುಕೊಂಡ್ರೆ ಕೈಗೆ ಸಿಗೋದು 110 ಆಂಪಿಯರ್-ಗಂಟೆ. ಟ್ಯಾಂಕಿಗೆ 5 ಮಿಲಿಆಂಪಿಯರ್ ಬೇಕಾದ್ರೆ 22,000 ಗಂಟೆ, ಅಂದ್ರೆ ಎರಡೂವರೆ ವರ್ಷ. ನೀರಿನಲ್ಲಿ ಲವಣ ಜಾಸ್ತಿಯಾಗಿ, ಗಾಜಿನ ಪದರವೂ ಹಳತಾಗಿ 10 ಮಿಲಿಆಂಪಿಯರ್ ಆದ್ರೆ ಹದಿನೈದು ತಿಂಗಳಿಗೇ ಖಾಲಿ. 5, 10 ಅನ್ನೋದು ನಾನು ಲೆಕ್ಕಕ್ಕೆ ಹಿಡಿದದ್ದು, ನಿಮ್ಮ ಟ್ಯಾಂಕಿನದು ಬೇರೆ ಇರ್ತದೆ. ಆದ್ರೆ ಟ್ಯಾಂಕಿಗೆ ಐದು-ಏಳು ವರ್ಷದ ವಾರಂಟಿ ಇದ್ರೂ ರಾಡು ಅಷ್ಟು ಬಾಳಬೇಕಂತಿಲ್ಲ ಅನ್ನೋದು ಇದರಿಂದ ಗೊತ್ತಾಗ್ತದೆ.

ಬೋರ್ ನೀರಿನ ಮನೆಯಲ್ಲಿ ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಅದಕ್ಕೂ ಈ ರಾಡಿಗೂ ಸಂಬಂಧ ಇದೆ. ನೀರಿನ ಸಲ್ಫೇಟನ್ನು ತಿನ್ನೋ ಬ್ಯಾಕ್ಟೀರಿಯಾಗಳಿಗೆ ರಾಡಿನ ಹೈಡ್ರೋಜನ್ ಹಬ್ಬದೂಟ, ಹೊರಗೆ ಬರೋದು ಹೈಡ್ರೋಜನ್ ಸಲ್ಫೈಡ್. ಇದಕ್ಕೆ ರಾಡು ಕಿತ್ತು ಬಿಸಾಕೋರಿದ್ದಾರೆ. ವಾಸನೆ ಹೋಗ್ತದೆ, ಹಿಂದೇ ಟ್ಯಾಂಕೂ ಹೋಗ್ತದೆ. ಅಲ್ಯೂಮಿನಿಯಂ-ಸತು ಮಿಶ್ರಣದ ರಾಡು ಹಾಕೋದು ಒಳ್ಳೇದು.

ಕಾಯಿಲ್ ಬದಲಿಸೋಕೆ ಮೆಕ್ಯಾನಿಕ್ ಬಂದಾಗ ಎದುರಿಗೆ ನಿಂತುಕೊಳ್ಳಿ. ತುಂಬಾ ಮಾಡೆಲ್‌ಗಳಲ್ಲಿ ಕಾಯಿಲ್ ಮತ್ತು ರಾಡು ಒಂದೇ ಫ್ಲ್ಯಾಂಜ್ ಮೇಲೆ ಇರ್ತಾವೆ, ಹಾಗಾಗಿ ಪ್ರತ್ಯೇಕ ಕೆಲಸ ಏನಿಲ್ಲ. "ಅದೇನು ಬೇಕಾಗಂಗಿಲ್ಲ ಬಿಡಪಾ ತಮ್ಮಾ" ಅಂದ್ರೆ, "ಇರ್ಲಿ ಬಿಡ್ರಿ ಅಣ್ಣಾ, ಟ್ಯಾಂಕ್ ಉಕ್ಕಿಂದೈತಿ, ಹಾಕೇಬಿಡ್ರಿ" ಅನ್ನಿ. ರಾಡಿಗೆ ಕೆಲವು ನೂರು ರೂಪಾಯಿ, ತೂತುಬಿದ್ದ ಟ್ಯಾಂಕಿಗೆ ಹೊಸ ಗೀಜರ್. ಅರ್ಧಕ್ಕಿಂತ ಹೆಚ್ಚು ಸವೆದಿದ್ರೆ ಅಥವಾ ನಡುವಿನ ತಂತಿ ಕಂಡ್ರೆ ಬದಲಿಸಿ. ದಪ್ಪ ಬಿಳಿ ಪೊರೆ ಮುಚ್ಚಿಕೊಂಡು ರಾಡು ಹೊಸದರಂತೇ ಉಳಿದಿದ್ರೆ ಅದು ಕೆಲಸ ಮಾಡ್ತಿಲ್ಲ ಅಂತ ಅರ್ಥ, ಕೆರೆದು ನೋಡಿ. ನೀವೇ ತೆಗೀತೀರಾದ್ರೆ ಮೊದಲು ಎಂಸಿಬಿ ಇಳಿಸಿ, ನೀರು ತಣ್ಣಗಾಗಲು ಬಿಡಿ, ಇನ್‌ಲೆಟ್ ಮುಚ್ಚಿ ಟ್ಯಾಂಕು ಖಾಲಿ ಮಾಡಿ. ತಿರುಗಿ ಕೂರಿಸುವಾಗ ಗ್ಯಾಸ್ಕೆಟ್ ಹೊಸದಿರಲಿ, ಹಳೇದನ್ನೇ ಹಾಕಿದ್ರೆ ಅಲ್ಲಿಂದಲೇ ತೊಟ್ಟಿಕ್ಕೋದು ಗ್ಯಾರಂಟಿ.