ಆರೋಗ್ಯ ವಿಜ್ಞಾನ ಪದವಿ: ಶುಲ್ಕ ಕಟ್ಟುವ ಮುನ್ನ ತಿಳಿಯಬೇಕಾದುದು

ದ್ವಿತೀಯ ಪಿಯುಸಿ ಮತ್ತು ನೀಟ್ ಫಲಿತಾಂಶದ ದಿನಗಳಲ್ಲಿ, ಜುಮಾ ನಮಾಝ್ ಮುಗಿಸಿ ಹೊರಬರುವ ಪೋಷಕರ ಬಾಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು ಇದು: "ಮಗಳು ಸೈನ್ಸ್ ಓದಿದ್ದಾಳೆ, ನೀಟ್‌ನಲ್ಲಿ ಅಂಕ ಸಾಲಲಿಲ್ಲ. ಇನ್ನೇನು ಮಾಡುವುದು?"

ಮೊದಲು ಲೆಕ್ಕ ನೋಡೋಣ. 2024ರಲ್ಲಿ ದೇಶದಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಸುಮಾರು ಒಂದು ಲಕ್ಷ. ಸೀಟು ಸಿಗದಿದ್ದರೆ ಮಗು ದಡ್ಡ ಎಂದಲ್ಲ, ಸೀಟುಗಳೇ ಅಷ್ಟು. ಆದರೆ ಆ ನಿರಾಸೆಯಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಎರಡು ತಪ್ಪುಗಳಾಗುತ್ತವೆ. ಒಂದು, ಓದನ್ನೇ ನಿಲ್ಲಿಸುವುದು. ಇನ್ನೊಂದು, ಮೊದಲು ಫೋನ್ ಮಾಡಿದ ಏಜೆಂಟ್ ಹೇಳಿದ ಕಾಲೇಜಿಗೆ ಹಣ ಕಟ್ಟಿಬಿಡುವುದು. ಎರಡೂ ಬೇಡ. ಆರೋಗ್ಯ ವಿಜ್ಞಾನದಲ್ಲಿ ಗೌರವದ ಪದವಿಗಳು ಹಲವಿವೆ. ಆದರೆ ಅವುಗಳನ್ನು ವಿಚಾರಿಸಿ ಆರಿಸಬೇಕು.

ಆಸ್ಪತ್ರೆ ಎಂದರೆ ವೈದ್ಯರು ಮಾತ್ರವಲ್ಲ

ಒಂದು ಹೃದಯ ಶಸ್ತ್ರಚಿಕಿತ್ಸೆಯನ್ನು ಯೋಚಿಸಿ. ವೈದ್ಯರು ಕೈಯಿಡುವ ಮೊದಲೇ ಲ್ಯಾಬ್ ತಂತ್ರಜ್ಞರು ರಕ್ತ ಪರೀಕ್ಷಿಸಿರುತ್ತಾರೆ, ಕಾರ್ಡಿಯಾಕ್ ತಂತ್ರಜ್ಞರು ಇಸಿಜಿ, ಎಕೋ ಮಾಡಿರುತ್ತಾರೆ. ಹೃದಯವನ್ನು ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡುವಾಗ ರಕ್ತ ಮತ್ತು ಉಸಿರಿನ ಕೆಲಸವನ್ನು ಒಂದು ಯಂತ್ರ ವಹಿಸಿಕೊಳ್ಳುತ್ತದೆ. ಅದನ್ನು ನಡೆಸುವವರು ಪರ್ಫ್ಯೂಷನ್ ತಂತ್ರಜ್ಞರು. ಆಮೇಲೆ ಐಸಿಯುವಿನಲ್ಲಿ ಹಗಲು ರಾತ್ರಿ ಕಾಯುವವರು ನರ್ಸ್‌ಗಳು. ರೋಗಿಯನ್ನು ಮತ್ತೆ ಎದ್ದು ನಡೆಯುವಂತೆ ಮಾಡುವವರು ಫಿಸಿಯೋಥೆರಪಿಸ್ಟ್‌ಗಳು. ಇವರಲ್ಲಿ ಒಬ್ಬರು ತಪ್ಪಿದರೂ ಜೀವಕ್ಕೆ ಅಪಾಯ. ಕಿಡ್ನಿ ವಿಫಲವಾದವರು ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ ಸುಮಾರು ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾರೆ. ಆ ತಾಸುಗಳಲ್ಲಿ ಅವರ ಪಕ್ಕ ಇರುವವರು ಡಯಾಲಿಸಿಸ್ ತಂತ್ರಜ್ಞರು.

ಇಮಾಮ್ ಗಝ್ಝಾಲಿಯವರು ವೈದ್ಯಶಾಸ್ತ್ರವನ್ನು ಫರ್ಝ್ ಕಿಫಾಯದ ವಿದ್ಯೆಗಳಲ್ಲಿ ಎಣಿಸಿದ್ದಾರೆ. ಅಂದರೆ ಸಮುದಾಯದಲ್ಲಿ ಸಾಕಷ್ಟು ಜನ ಕಲಿಯದಿದ್ದರೆ ಹೊಣೆ ಎಲ್ಲರ ಮೇಲಿರುತ್ತದೆ. ಇಂದಿನ ವೈದ್ಯಕೀಯಕ್ಕೆ ವೈದ್ಯರಷ್ಟೇ ಇವರೂ ಬೇಕು.

ಯಾವ ಕೋರ್ಸ್, ಎಷ್ಟು ವರ್ಷ?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರ ಮುಂದೆ ಮುಖ್ಯವಾಗಿ ಈ ದಾರಿಗಳಿವೆ.

ಬಿ.ಎಸ್ಸಿ. ನರ್ಸಿಂಗ್: ನಾಲ್ಕು ವರ್ಷ, ಎಂಟು ಸೆಮಿಸ್ಟರ್.

ಬಿ.ಫಾರ್ಮ್: ನಾಲ್ಕು ವರ್ಷ. ಔಷಧ ತಯಾರಿಕೆ, ಗುಣಮಟ್ಟ ಪರೀಕ್ಷೆ, ಔಷಧದಂಗಡಿ ಎಲ್ಲಕ್ಕೂ ಆಗುತ್ತದೆ. ಫಾರ್ಮ್.ಡಿ. ಬೇರೆ, ಅದು ಆರು ವರ್ಷ.

ಬಿಪಿಟಿ, ಅಂದರೆ ಫಿಸಿಯೋಥೆರಪಿ: ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷ.

ಬಿ.ಎಸ್ಸಿ. ಅಲೈಡ್ ಹೆಲ್ತ್ ಸೈನ್ಸಸ್: ಮೆಡಿಕಲ್ ಲ್ಯಾಬ್, ಎಕ್ಸ್‌ರೇ-ಸ್ಕ್ಯಾನಿಂಗ್, ಡಯಾಲಿಸಿಸ್, ಅನಸ್ತೇಶಿಯಾ ಮತ್ತು ಆಪರೇಷನ್ ಥಿಯೇಟರ್, ಕಾರ್ಡಿಯಾಕ್ ಕೇರ್, ಆಪ್ಟೊಮೆಟ್ರಿ ಮುಂತಾದ ವಿಭಾಗಗಳು. ಸಾಮಾನ್ಯವಾಗಿ ಮೂರು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್.

ಇವುಗಳಲ್ಲಿ ಹೆಚ್ಚಿನವು ನೀಟ್ ಅಂಕದ ಮೇಲೆ ನಿಂತಿಲ್ಲ. ಯುನಾನಿ, ಆಯುರ್ವೇದ, ಹೋಮಿಯೋಪತಿಗೆ ನೀಟ್ ಅರ್ಹತೆ ಬೇಕೇ ಬೇಕು. ಆದರೆ ಅಲ್ಲಿ ಎಂಬಿಬಿಎಸ್‌ನಷ್ಟು ಪೈಪೋಟಿ ಇಲ್ಲ. ಹಾಗಾಗಿ ಅರ್ಹತೆ ಪಡೆದ ಮಕ್ಕಳು ಬಿಯುಎಂಎಸ್ ಸಹ ಯೋಚಿಸಬಹುದು. ಅದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಬೆಂಗಳೂರಿನಲ್ಲಿ ಸರ್ಕಾರಿ ಯುನಾನಿ ಕಾಲೇಜು ಇದೆ.

ಬಿ.ಎಸ್ಸಿ. ನರ್ಸಿಂಗ್ ಮತ್ತು ಬಿ.ಫಾರ್ಮ್‌ನ ಸರ್ಕಾರಿ ಸೀಟುಗಳನ್ನು ಸಿಇಟಿ ಮೂಲಕ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ನೀಟ್ ಒಂದನ್ನೇ ನಂಬಿ ಸಿಇಟಿ ಅರ್ಜಿ ಹಾಕದ ಮಕ್ಕಳು ಈ ಸೀಟುಗಳನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದ ಪಿಯುಸಿ ಓದುತ್ತಿರುವಾಗಲೇ ಎರಡಕ್ಕೂ ಅರ್ಜಿ ಹಾಕಿಸಿ.

ಕಾಲೇಜಿನಲ್ಲಿ ಕೇಳಬೇಕಾದ ಮೂರು ಪ್ರಶ್ನೆಗಳು

ಮೊದಲನೆಯದು: ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ನಮ್ಮ ರಾಜ್ಯದ ಹೆಚ್ಚಿನ ಆರೋಗ್ಯ ವಿಜ್ಞಾನ ಕಾಲೇಜುಗಳು 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಕಾಲೇಜು ಅದಕ್ಕೆ ಸೇರಿದ್ದರೆ ಸಾಲದು, ನೀವು ಸೇರುವ ಕೋರ್ಸಿಗೆ ಈ ವರ್ಷ ಅನುಮತಿ ಇದೆಯೇ ಎಂದು ವಿಶ್ವವಿದ್ಯಾಲಯದ ಪಟ್ಟಿಯಲ್ಲೇ ನೋಡಿ. ಮಣಿಪಾಲ, ಮಂಗಳೂರಿನಂಥ ಕಡೆ ಡೀಮ್ಡ್ ವಿಶ್ವವಿದ್ಯಾಲಯಗಳೂ ಇವೆ. ಅಲ್ಲಿ ಪ್ರವೇಶವೂ ಶುಲ್ಕವೂ ಅವರದ್ದೇ.

ಎರಡನೆಯದು: ಓದು ಮುಗಿದ ಮೇಲೆ ನೋಂದಣಿ ಎಲ್ಲಿ? ನರ್ಸ್ ಆಗಿ ದುಡಿಯಲು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ, ಫಾರ್ಮಸಿಸ್ಟ್ ಆಗಲು ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ದಾಖಲಾಗಬೇಕು. ಅಲೈಡ್ ಹೆಲ್ತ್ ವೃತ್ತಿಗಳಿಗಾಗಿ 2021ರಲ್ಲಿ ಸಂಸತ್ತು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದೆ. ಅದರ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರ ಎನಿಸಲು ಕನಿಷ್ಠ 2000 ಗಂಟೆ, ಹೆಲ್ತ್‌ಕೇರ್ ವೃತ್ತಿಪರ ಎನಿಸಲು ಕನಿಷ್ಠ 3600 ಗಂಟೆಗಳ ಶಿಕ್ಷಣ ಬೇಕು. "ಆರು ತಿಂಗಳ ಕೋರ್ಸ್, ಖಚಿತ ಉದ್ಯೋಗ" ಎನ್ನುವ ಜಾಹೀರಾತನ್ನು ಈ ಲೆಕ್ಕದಲ್ಲಿ ತೂಗಿ. ದಿನಕ್ಕೆ ಆರು ಗಂಟೆ, ವಾರಕ್ಕೆ ಆರು ದಿನ ಕಲಿಸಿದರೂ ಆರು ತಿಂಗಳಲ್ಲಿ ಸಾವಿರ ಗಂಟೆ ತುಂಬುವುದಿಲ್ಲ.

ಮೂರನೆಯದು: ಕಲಿಯಲು ಆಸ್ಪತ್ರೆ ಎಲ್ಲಿದೆ? ಕಟ್ಟಡ, ಬಸ್ಸು, ಯೂನಿಫಾರ್ಮ್ ತೋರಿಸುತ್ತಾರೆ. ನೀವು ಆಸ್ಪತ್ರೆಗೇ ಹೋಗಿ ನೋಡಿ. ಎಷ್ಟು ಹಾಸಿಗೆ, ಎಷ್ಟರಲ್ಲಿ ರೋಗಿಗಳಿದ್ದಾರೆ? ಡಯಾಲಿಸಿಸ್ ಕೋರ್ಸ್ ಆದರೆ ಎಷ್ಟು ಯಂತ್ರಗಳು ನಿಜಕ್ಕೂ ನಡೆಯುತ್ತಿವೆ? ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿ. ರೋಗಿಗಳಿಲ್ಲದ ಕಾಲೇಜಿನಲ್ಲಿ ಈ ವಿದ್ಯೆ ಬರುವುದಿಲ್ಲ.

ಗಲ್ಫ್‌ಗೆ ಹೋಗುವ ಯೋಚನೆ ಇರುವವರಿಗೆ ಈ ಮೂರು ಪ್ರಶ್ನೆಗಳು ಇನ್ನೂ ಮುಖ್ಯ. ಸೌದಿ, ಯುಎಇಯಲ್ಲಿ ಪರವಾನಗಿ ಕೊಡುವ ಮೊದಲು ಡೇಟಾಫ್ಲೋ ಮೂಲಕ ನಿಮ್ಮ ಪದವಿ, ನೋಂದಣಿ, ಅನುಭವಗಳನ್ನು ಅವನ್ನು ಕೊಟ್ಟ ಸಂಸ್ಥೆಗಳಿಂದಲೇ ಖಚಿತಪಡಿಸಿಕೊಳ್ಳುತ್ತಾರೆ. ಆಮೇಲೆ ಪರೀಕ್ಷೆ. ಮಾನ್ಯತೆ ಇಲ್ಲದ ಪ್ರಮಾಣಪತ್ರ ಇಲ್ಲಿ ಹೇಗೋ ನಡೆದರೂ ಅಲ್ಲಿ ಸಿಕ್ಕಿಬೀಳುತ್ತದೆ. ಅಷ್ಟರಲ್ಲಿ ಹಣವೂ ವರ್ಷಗಳೂ ಹೋಗಿರುತ್ತವೆ.

ಏಜೆಂಟರ ಕೈಗೆ ಮೂಲ ಅಂಕಪಟ್ಟಿ ಕೊಡಬೇಡಿ. ಶುಲ್ಕವನ್ನು ಕಾಲೇಜಿನ ಖಾತೆಗೇ ಕಟ್ಟಿ, ರಸೀದಿ ಪಡೆಯಿರಿ.

ಓದು ಹೇಗಿರುತ್ತದೆ?

ಮೊದಲ ವರ್ಷ ಎಲ್ಲರಿಗೂ ಕಷ್ಟ. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ, ಉರ್ದು ಮಾಧ್ಯಮದಿಂದ ಬಂದ ಮಕ್ಕಳು ಇಲ್ಲೇ ಎದೆಗುಂದುತ್ತಾರೆ. ಅವರಿಗೆ ಒಂದು ಉಪಾಯ: ವೈದ್ಯಕೀಯ ಪದಗಳನ್ನು ಒಡೆದು ಕಲಿಯುವುದು. "ನೆಫ್ರೋ" ಎಂದರೆ ಕಿಡ್ನಿ, "ಹೆಪಟೋ" ಎಂದರೆ ಪಿತ್ತಜನಕಾಂಗ, "ಐಟಿಸ್" ಎಂದರೆ ಉರಿಯೂತ. ಇಷ್ಟು ಗೊತ್ತಿದ್ದರೆ ನೆಫ್ರೈಟಿಸ್, ಹೆಪಟೈಟಿಸ್ ಬಾಯಿಪಾಠ ಮಾಡಬೇಕಿಲ್ಲ. ಇಂಥ ನೂರು ಬೇರುಪದಗಳನ್ನು ರಜೆಯಲ್ಲೇ ಬರೆದುಕೊಂಡರೆ ಅರ್ಧ ಭಯ ಹೋಗುತ್ತದೆ.

ಹಾಜರಿ ಬಹಳ ಕಟ್ಟುನಿಟ್ಟು. ನರ್ಸಿಂಗ್‌ನಲ್ಲಿ ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಬೇಕು. ಪದವಿ ಸಿಗುವ ಮೊದಲು ಪ್ರಾಯೋಗಿಕ ತರಬೇತಿ ಶೇ. 100 ಪೂರ್ಣಗೊಂಡಿರಬೇಕು. ನೆಂಟರ ಮದುವೆಗೆ ವಾರಗಟ್ಟಲೆ ಮಕ್ಕಳನ್ನು ಕರೆಸಿಕೊಳ್ಳುವ ತಾಯಿ ತಂದೆಯರು ಇದನ್ನು ನೆನಪಿಡಬೇಕು.

ರಾತ್ರಿ ಪಾಳಿಯ ಪ್ರಶ್ನೆ

ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯ ಹಿರಿಯರ ಆತಂಕ ನಮಗೆ ಅರ್ಥವಾಗುತ್ತದೆ. ರಾತ್ರಿ ಪಾಳಿ, ಹಾಸ್ಟೆಲ್, ಗಂಡಸರ ವಾರ್ಡ್ ಎಂದೊಡನೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ನಮ್ಮ ಮನೆಯ ಹೆರಿಗೆಗೆ ಮಹಿಳಾ ಸಿಬ್ಬಂದಿಯೇ ಬೇಕು ಎನ್ನುವವರೂ ನಾವೇ. ಯಾರಾದರೊಬ್ಬರ ಮಗಳು ರಾತ್ರಿ ಎಚ್ಚರವಿದ್ದರೆ ತಾನೇ ಅದು ಆಗುವುದು? ಪ್ರವಾದಿ(ಸ)ಯವರ ಕಾಲದಲ್ಲಿ ರುಫೈದಾ ಅಲ್ ಅಸ್ಲಮಿಯ್ಯಾ(ರ) ಗಾಯಾಳುಗಳ ಆರೈಕೆ ಮಾಡುತ್ತಿದ್ದರು, ಮದೀನಾದ ಮಸೀದಿಯ ಬಳಿ ಅವರ ಡೇರೆ ಇತ್ತು ಎಂದು ಚರಿತ್ರೆ ಹೇಳುತ್ತದೆ.

ಆತಂಕವನ್ನು ಪ್ರಶ್ನೆಯಾಗಿ ಕೇಳಿ: ಹಾಸ್ಟೆಲ್ ಆಸ್ಪತ್ರೆಯ ಆವರಣದಲ್ಲೇ ಇದೆಯೇ? ಪಾಳಿ ಮುಗಿದಾಗ ವಾಹನ ಇದೆಯೇ? ತಲೆವಸ್ತ್ರದ ನಿಯಮ ಏನು? ನಮಾಝಿಗೆ ಬಿಡುವು ಸಿಗುತ್ತದೆಯೇ? ಪ್ರವೇಶಕ್ಕೆ ಮೊದಲೇ ಕೇಳಿ, ಸಾಧ್ಯವಾದರೆ ಬರಹದಲ್ಲಿ ಪಡೆಯಿರಿ. ರಾತ್ರಿ ಪಾಳಿಯನ್ನು ಒಪ್ಪಲು ಆಗುವುದೇ ಇಲ್ಲವೆಂದರೆ ಬಿ.ಫಾರ್ಮ್, ಆಪ್ಟೊಮೆಟ್ರಿ, ಫಿಸಿಯೋಥೆರಪಿಯಂಥ, ಬಹುಪಾಲು ಹಗಲಿನಲ್ಲೇ ನಡೆಯುವ ಕೆಲಸಗಳಿವೆ. ಮಗಳ ಓದನ್ನು ಅರ್ಧಕ್ಕೆ ನಿಲ್ಲಿಸುವುದಕ್ಕಿಂತ ಮೊದಲೇ ಕೂತು ಮಾತಾಡುವುದು ಮೇಲು.

ಹಣ ಮತ್ತು ಕಾಗದಪತ್ರ

ಮುಸ್ಲಿಮರಿಗೆ ಪ್ರವರ್ಗ 2ಬಿ ಅಡಿ ಶೇ. 4 ಮೀಸಲಾತಿ ಇದೆ. ಪಿಂಜಾರ, ನದಾಫರು ಪ್ರವರ್ಗ 1ರಲ್ಲಿ ಬರುತ್ತಾರೆ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಸಿಇಟಿಯಲ್ಲಿ ಆ ಮೀಸಲಾತಿಯೂ ಸಿಗುತ್ತದೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ವ್ಯಾಸಂಗ ಪ್ರಮಾಣಪತ್ರಗಳನ್ನು ಡಿಸೆಂಬರ್‌ನಲ್ಲೇ ಸಿದ್ಧಮಾಡಿ. ನಾಡಕಚೇರಿಗೆ ಕೊನೆಯ ವಾರ ಓಡಿ ಪ್ರಯೋಜನವಿಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಶಿಕ್ಷಣ ಸಾಲವೂ ಇದೆ. ಅದರ ನಿಯಮಗಳನ್ನು ಜಿಲ್ಲಾ ಕಚೇರಿಯಲ್ಲಿ ಓದಿ ತಿಳಿದು, ಬೇಕಿದ್ದರೆ ಉಲಮಾಗಳಲ್ಲೂ ವಿಚಾರಿಸಿ ನಿರ್ಧರಿಸಿ.

ಜಮಾಅತ್‌ಗಳಿಗೂ ಒಂದು ವಿನಂತಿ. ಪ್ರತಿ ವರ್ಷ ಒಂದು ಜುಮಾದ ನಂತರ, ಸಿಇಟಿ ಅರ್ಜಿ ಆರಂಭವಾಗುವ ಮೊದಲು, ಊರಿನ ಒಬ್ಬ ನರ್ಸ್ ಅಥವಾ ಲ್ಯಾಬ್ ತಂತ್ರಜ್ಞರನ್ನು ಕರೆಸಿ ಪಿಯುಸಿ ಮಕ್ಕಳು ಮತ್ತು ಪೋಷಕರ ಜೊತೆ ಅರ್ಧ ಗಂಟೆ ಮಾತಾಡಿಸಿ. ಶುಲ್ಕ ಕಟ್ಟಲಾಗದ ಒಂದು ಮಗುವಿನ ನಾಲ್ಕು ವರ್ಷಗಳ ಹೊಣೆಯನ್ನು ಊರಿನ ಉಳ್ಳವರು ಹಂಚಿಕೊಳ್ಳಿ. ಓದು ಮುಗಿಸಿದ ಆ ಮಗುವೇ ನಾಳೆ ಇನ್ನೊಂದು ಮಗುವಿಗೆ ದಾರಿ ತೋರಿಸುತ್ತದೆ. ನಮ್ಮ ಮಕ್ಕಳ ವಿದ್ಯೆಯನ್ನು ಅಲ್ಲಾಹನು ಎಲ್ಲ ಜನರಿಗೂ ಉಪಕಾರಿಯಾಗಿಸಲಿ. ಆಮೀನ್.