ಇಆರ್‌ಪಿ ಎಡವುವುದು ಕೀಲುಗಳಲ್ಲಿ

2013ರ ಮಾರ್ಚ್‌ನಲ್ಲಿ ಅಮೆರಿಕದ ಟಾರ್ಗೆಟ್ ಕಂಪನಿ ಕೆನಡಾದಲ್ಲಿ ತನ್ನ ಮೊದಲ ಅಂಗಡಿಗಳನ್ನು ತೆರೆಯಿತು. ಜೆಲ್ಲರ್ಸ್ ಎಂಬ ಹಳೆಯ ಅಂಗಡಿ ಸಾಲಿನ ಗುತ್ತಿಗೆಗಳನ್ನು ಪಡೆಯಲು ಅದು 180 ಕೋಟಿ ಕೆನಡಾ ಡಾಲರ್ ತೆತ್ತಿತ್ತು. ಎರಡು ವರ್ಷ ತುಂಬುವ ಮೊದಲೇ, 2015ರ ಜನವರಿಯಲ್ಲಿ, ಅಲ್ಲಿನ 133 ಅಂಗಡಿಗಳನ್ನೂ ಮುಚ್ಚುವುದಾಗಿ ಪ್ರಕಟಿಸಿತು. ಹದಿನೇಳು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅಷ್ಟು ದಿನವೂ ಗ್ರಾಹಕರು ಕಂಡದ್ದು ಖಾಲಿ ಶೆಲ್ಫ್‌ಗಳನ್ನು. ಅದೇ ಹೊತ್ತಿಗೆ ಕಂಪನಿಯ ಗೋದಾಮುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ.

ಹೆಚ್ಚಿನ ಬೆಲೆ, ಅಂಗಡಿಗಳಿದ್ದ ಜಾಗ, ಹೀಗೆ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಗೋದಾಮು ತುಂಬಿದ್ದೂ ಅಂಗಡಿ ಬರಿದಾಗಿದ್ದ ಒಗಟಿಗೆ ಉತ್ತರ ಅವರ ಇಆರ್‌ಪಿ ವ್ಯವಸ್ಥೆಯಲ್ಲಿತ್ತು.

ಖರೀದಿ, ಉತ್ಪಾದನೆ, ಸ್ಟೋರ್ಸ್, ಮಾರಾಟ, ಸಂಬಳ, ಲೆಕ್ಕಪತ್ರ ಎಲ್ಲವನ್ನೂ ಒಂದೇ ದತ್ತಾಂಶಕೋಶದ ಮೇಲೆ ನಡೆಸುವ ಸಾಫ್ಟ್‌ವೇರನ್ನು ಇಆರ್‌ಪಿ ಎನ್ನುತ್ತಾರೆ. ಒಂದು ಘಟನೆಯನ್ನು ಒಂದೇ ಸಲ, ಅದು ನಡೆದ ಜಾಗದಲ್ಲೇ ಬರೆದುಕೊಳ್ಳಬೇಕು ಎಂಬುದು ಇದರ ತಿರುಳು. ಗೇಟಿಗೆ ಉಕ್ಕಿನ ಲಾರಿ ಬಂತು. ಸ್ಟೋರ್ಸ್‌ನವರು ಸರಕು ಇಳಿಸಿಕೊಂಡು ನಮೂದಿಸಿದರು. ಆ ಕ್ಷಣವೇ ಸ್ಟಾಕ್ ಏರುತ್ತದೆ, ಸರಬರಾಜುದಾರರಿಗೆ ಕೊಡಬೇಕಾದ ಹಣ ಅಕೌಂಟ್ಸ್ ವಿಭಾಗದಲ್ಲಿ ಕಾಣುತ್ತದೆ, ನಾಳೆ ಯಂತ್ರ ಓಡಿಸಲು ಉಕ್ಕು ಇದೆ ಎಂದು ಉತ್ಪಾದನೆಯವರಿಗೂ ಗೊತ್ತಾಗುತ್ತದೆ. ಮೂರು ಮೇಜುಗಳ ಮೂರು ರಿಜಿಸ್ಟರುಗಳನ್ನು ತಿಂಗಳ ಕೊನೆಗೆ ತಾಳೆ ಹಾಕುವ ಪಾಡು ತಪ್ಪುತ್ತದೆ.

ಇದರ ಬೇರು ಒಂದು ಸೊಗಸಾದ ಲೆಕ್ಕದಲ್ಲಿದೆ. 1960ರ ದಶಕದಲ್ಲಿ ಐಬಿಎಂನ ಜೋಸೆಫ್ ಆರ್ಲಿಕಿ ಒಂದು ಸರಳ ಸಂಗತಿಯನ್ನು ಒತ್ತಿ ಹೇಳಿದರು: ಗ್ರಾಹಕರು ಎಷ್ಟು ಪಂಪ್ ಕೊಳ್ಳುತ್ತಾರೆ ಎಂಬುದನ್ನು ಅಂದಾಜು ಮಾಡಬೇಕು, ಆದರೆ ಆ ಪಂಪ್‌ಗಳಿಗೆ ಎಷ್ಟು ಬೋಲ್ಟ್ ಬೇಕು ಎಂಬುದನ್ನು ಅಂದಾಜು ಮಾಡಬೇಕಿಲ್ಲ, ಲೆಕ್ಕ ಹಾಕಬಹುದು. ಇನ್ನೂರು ಪಂಪ್‌ಗಳನ್ನು ಮೂವತ್ತನೇ ದಿನ ಕೊಡಬೇಕಿದೆ ಎನ್ನೋಣ. ಒಂದಕ್ಕೆ ಎಂಟರಂತೆ 1,600 ಬೋಲ್ಟ್ ಬೇಕು. ಸ್ಟೋರ್ಸ್‌ನಲ್ಲಿ 500 ಇವೆ, 1,100 ತರಿಸಬೇಕು. ಜೋಡಣೆಗೆ ನಾಲ್ಕು ದಿನ, ಬೋಲ್ಟ್ ಬರಲು ಏಳು ದಿನ. ಹಾಗಾಗಿ ಹತ್ತೊಂಬತ್ತನೇ ದಿನ ಆರ್ಡರ್ ಹೋಗಲೇಬೇಕು. ಇದನ್ನೇ ಸಾವಿರಾರು ಬಿಡಿಭಾಗಗಳಿಗೆ, ಭಾಗದೊಳಗಿನ ಭಾಗಗಳಿಗೆ ಪ್ರತಿ ರಾತ್ರಿ ಮಾಡುವುದು ಮನುಷ್ಯರಿಗೆ ಆಗದ ಕೆಲಸ, ಕಂಪ್ಯೂಟರಿಗೆ ಸಲೀಸು. ಐಬಿಎಂ ಬಿಟ್ಟ ಐವರು 1972ರಲ್ಲಿ ಜರ್ಮನಿಯಲ್ಲಿ ಇಂಥ ಸಾಫ್ಟ್‌ವೇರ್ ಮಾಡುವ ಎಸ್‌ಎಪಿ ಕಂಪನಿ ಕಟ್ಟಿ, ಓಸ್ಟ್ರಿಂಗನ್‌ನ ನೈಲಾನ್ ನೂಲಿನ ಕಾರ್ಖಾನೆಯೊಂದನ್ನು ಮೊದಲ ಗ್ರಾಹಕನನ್ನಾಗಿ ಪಡೆದರು. ಇಂದು ಆ ಕಂಪನಿಯ ದೊಡ್ಡ ಅಭಿವೃದ್ಧಿ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ನಮ್ಮ ಸಣ್ಣ ವ್ಯಾಪಾರಿಗಳು ದಿನವೂ ತೆರೆಯುವ ಟ್ಯಾಲಿ ಕೂಡ ಬೆಂಗಳೂರಿನ ಕಂಪನಿಯದೇ.

ಈಗ ಅದೇ ಬೋಲ್ಟ್ ಲೆಕ್ಕಕ್ಕೆ ಮರಳೋಣ. ನೂರು ಬೋಲ್ಟಿನ ಐದು ಬಾಕ್ಸ್ ಬಂದಾಗ ಸ್ಟೋರ್ಸ್‌ನವರು ‘5’ ಎಂದು ಬರೆದರು. ಅವರ ಮನಸ್ಸಿನಲ್ಲಿದ್ದದ್ದು ಬಾಕ್ಸ್. ಸಾಫ್ಟ್‌ವೇರ್ ಓದಿಕೊಂಡದ್ದು ಐದು ಬೋಲ್ಟ್. 1,100ಕ್ಕೆ ಬದಲು 1,595 ಬೋಲ್ಟಿಗೆ ಆರ್ಡರ್ ಹೋಯಿತು. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಕಾಗದದ ಕಾಲದಲ್ಲಾದರೆ ಖರೀದಿ ವಿಭಾಗದ ಯಾರಾದರೂ ‘ಮೊನ್ನೆ ತಾನೆ ಬಂತಲ್ಲ’ ಎಂದು ತಡೆಯುತ್ತಿದ್ದರು. ಇಆರ್‌ಪಿಯಲ್ಲಿ ಒಬ್ಬರ ತಪ್ಪು ಅದೇ ಕ್ಷಣ ಎಲ್ಲರ ಸತ್ಯವಾಗಿಬಿಡುತ್ತದೆ.

ಟಾರ್ಗೆಟ್‌ನಲ್ಲಿ ಆದದ್ದು ಇದೇ. ಅಮೆರಿಕದಲ್ಲಿ ಅವರು ದಶಕಗಳ ಕಾಲ ತಾವೇ ಬೆಳೆಸಿಕೊಂಡ ವ್ಯವಸ್ಥೆಯನ್ನು ಬಳಸುತ್ತಿದ್ದರು. ಕೆನಡಾದ ಡಾಲರ್ ಮತ್ತು ಫ್ರೆಂಚ್ ಅಕ್ಷರಗಳಿಗೆ ಅದನ್ನು ಒಗ್ಗಿಸುವುದು ಕಷ್ಟವೆಂದು, ಅಲ್ಲಿಗೆ ಎಸ್‌ಎಪಿಯನ್ನು ಹೊಸದಾಗಿ ಹಾಕಿದರು. ಸುಮಾರು 75 ಸಾವಿರ ಬಗೆಯ ವಸ್ತುಗಳ ವಿವರವನ್ನು ಗಡುವಿನ ಒತ್ತಡದಲ್ಲಿ ತುಂಬಬೇಕಾಯಿತು. ಕೆಲವು ಅಳತೆಗಳು ಸೆಂಟಿಮೀಟರಿನ ಬದಲು ಅಂಗುಲದಲ್ಲಿ ಬಂದವು. ಅಗಲ, ಎತ್ತರ, ಉದ್ದಗಳ ಕ್ರಮ ಅದಲುಬದಲಾಯಿತು. ಆಮದು ಸುಂಕದ ಕೋಡ್‌ಗಳು ಬಿಟ್ಟುಹೋದವು. ಅಮೆರಿಕದ ವ್ಯವಸ್ಥೆಯಲ್ಲಿ ಮಾಹಿತಿ ಶೇಕಡಾ 98ರಷ್ಟು ಸರಿಯಿದ್ದರೆ ಕೆನಡಾದಲ್ಲಿ ಅದು ಶೇಕಡಾ 30ರಷ್ಟಿತ್ತು ಎಂದು ಆಮೇಲೆ ಕೆನಡಾದ ಪತ್ರಿಕೆಯೊಂದು ವಿವರವಾಗಿ ಬರೆಯಿತು.

ಈ ತಪ್ಪುಗಳು ಎಸ್‌ಎಪಿಯೊಳಗೇ ಉಳಿದಿದ್ದರೆ ಪರವಾಗಿರಲಿಲ್ಲ. ಬೇಡಿಕೆಯನ್ನು ಮುಂಗಾಣುವ ಸಾಫ್ಟ್‌ವೇರ್ ಇನ್ನೊಂದು ಕಂಪನಿಯದು, ಗೋದಾಮು ನಡೆಸುವುದು ಮತ್ತೊಂದರದು. ಒಂದರ ಸಂಖ್ಯೆಯನ್ನು ನಂಬಿ ಇನ್ನೊಂದು ನಡೆಯಬೇಕು. ಗೋದಾಮಿಗೆ ಬಂದ ಪೆಟ್ಟಿಗೆಯೇ ಬೇರೆ, ಕಂಪ್ಯೂಟರ್ ನಿರೀಕ್ಷಿಸಿದ ಪೆಟ್ಟಿಗೆಯೇ ಬೇರೆ ಆದಾಗ ಸರಕನ್ನು ಪಕ್ಕಕ್ಕಿಡದೆ ಬೇರೆ ದಾರಿಯಿರಲಿಲ್ಲ.

ಯಾವ ಇಆರ್‌ಪಿಯೂ ಒಂಟಿಯಾಗಿ ಬದುಕುವುದಿಲ್ಲ. ಬ್ಯಾಂಕು, ಹಾಜರಿಯ ಬೆರಳಚ್ಚು ಯಂತ್ರ, ತೂಕದ ಸೇತುವೆ, ವೆಬ್‌ಸೈಟು, ಸರ್ಕಾರದ ಪೋರ್ಟಲ್, ಇವೆಲ್ಲದರೊಂದಿಗೆ ಅದು ಮಾತಾಡಬೇಕು. ಹತ್ತು ವ್ಯವಸ್ಥೆಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಿದರೆ 45 ಕೀಲುಗಳಾಗುತ್ತವೆ, ಇಪ್ಪತ್ತಾದರೆ 190. ಅದಕ್ಕೇ ಈಗ ನಡುವೆ ಒಂದು ಮಧ್ಯವರ್ತಿ ಸಾಫ್ಟ್‌ವೇರ್ ಇಟ್ಟು ಎಲ್ಲರೂ ಅದರ ಮೂಲಕ ಮಾತಾಡುವಂತೆ ಮಾಡುತ್ತಾರೆ. ಕೀಲುಗಳು ಇಪ್ಪತ್ತಕ್ಕೆ ಇಳಿಯುತ್ತವೆ. ಆದರೆ ಕೀಲಿನೊಳಗಿನ ಕಷ್ಟ ಹಾಗೇ ಉಳಿಯುತ್ತದೆ, ಮತ್ತು ಆ ಕಷ್ಟ ಎರಡು ಬಗೆಯದು.

ಮೊದಲನೆಯದು ಅರ್ಥದ್ದು. ಕಾರ್ಖಾನೆಯ ಪುಸ್ತಕದಲ್ಲಿ ‘ಪೀಸ್’, ‘ಈಚ್’, ‘ನಂಬರ್’ ಎಂದೆಲ್ಲ ಬರೆದುಕೊಂಡಿರುತ್ತಾರೆ. ಜಿಎಸ್‌ಟಿ ವ್ಯವಸ್ಥೆಗೆ ತನ್ನದೇ ನಿಗದಿತ ಅಳತೆ ಕೋಡ್‌ಗಳಿವೆ. ಅವುಗಳಲ್ಲಿ ಒಂದನ್ನೇ ಕೊಡಬೇಕು. ಯಾವುದು ಯಾವುದಕ್ಕೆ ಸಮ ಎಂಬ ಪಟ್ಟಿಯನ್ನು ಯಾರೋ ಕೂತು ಮಾಡಬೇಕು, ಮತ್ತು ಮಾಡುವವರಿಗೆ ಆ ವಸ್ತು ಗೊತ್ತಿರಬೇಕು. ಅರ್ಥದ ಭಿನ್ನತೆ ಇನ್ನೂ ಆಳಕ್ಕೂ ಹೋಗಬಹುದು. ಜರ್ಮನಿಯ ಲಿಡ್ಲ್ ಅಂಗಡಿ ಸಾಲು ದಾಸ್ತಾನಿನ ಮೌಲ್ಯವನ್ನು ಖರೀದಿ ಬೆಲೆಯಲ್ಲಿ ಎಣಿಸುತ್ತಿತ್ತು. ಅವರು ಕೊಂಡ ಎಸ್‌ಎಪಿ ವ್ಯವಸ್ಥೆ ಮಾರಾಟದ ಬೆಲೆಯಲ್ಲಿ ಎಣಿಸುವಂಥದ್ದು. ಕಂಪನಿ ತನ್ನ ರೂಢಿ ಬಿಡಲೊಪ್ಪದೆ ಸಾಫ್ಟ್‌ವೇರನ್ನೇ ತಿದ್ದಿಸುತ್ತಾ ಹೋಯಿತು. ಏಳು ವರ್ಷ ನಡೆದ ಯೋಜನೆಯನ್ನು 2018ರಲ್ಲಿ ಕೈಬಿಟ್ಟಾಗ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತೆಂದು ವರದಿಯಾಯಿತು. ಯಾರ ಪದ್ಧತಿ ಸರಿ ಎಂಬುದು ಇಲ್ಲಿ ಮುಖ್ಯವಲ್ಲ. ಎರಡೂ ಸರಿ. ಈ ಪ್ರಶ್ನೆಯನ್ನು ಮೊದಲ ತಿಂಗಳಲ್ಲೇ ಮೇಜಿನ ಮೇಲಿಟ್ಟು ತೀರ್ಮಾನಿಸಬೇಕಿತ್ತು.

ಎರಡನೆಯದು ತಲುಪುವಿಕೆಯ ಕಷ್ಟ. ವಿಜ್ಞಾನದ ದೃಷ್ಟಿಯಿಂದ ನನಗೆ ಅತ್ಯಂತ ಬೆರಗು ಹುಟ್ಟಿಸುವುದು ಇದೇ.

ಪೀಣ್ಯದ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಸಂಜೆ ಏಳು ಗಂಟೆ, ಲಾರಿಗೆ ಸರಕು ತುಂಬಿದೆ, ಚಾಲಕ ಇನ್‌ವಾಯ್ಸ್‌ಗೆ ಕಾಯುತ್ತಿದ್ದಾನೆ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನ ಕಂಪನಿಗಳಿಗೆ ಬಂದ ಇ-ಇನ್‌ವಾಯ್ಸ್ ನಿಯಮ 2023ರ ಆಗಸ್ಟ್‌ನಿಂದ 5 ಕೋಟಿ ಮೀರಿದವರಿಗೂ ಕಡ್ಡಾಯ. ಒಂದು ವ್ಯಾಪಾರ ಸಂಸ್ಥೆ ಇನ್ನೊಂದಕ್ಕೆ ಮಾರುವಾಗ ಇನ್‌ವಾಯ್ಸ್‌ನ ವಿವರ ಮೊದಲು ಸರ್ಕಾರದ ನೋಂದಣಿ ಪೋರ್ಟಲ್‌ಗೆ ಹೋಗಬೇಕು. ಅಲ್ಲಿಂದ ಐಆರ್‌ಎನ್ ಎಂಬ ನೋಂದಣಿ ಸಂಖ್ಯೆಯೂ ಡಿಜಿಟಲ್ ಸಹಿಯಿರುವ ಕ್ಯೂಆರ್ ಕೋಡೂ ಬರಬೇಕು. ಕ್ಲರ್ಕ್ ಬಟನ್ ಒತ್ತಿದರು. ಸಂದೇಶ ಹೋಯಿತು. ಅಷ್ಟರಲ್ಲಿ ನೆಟ್ ಹೋಯಿತು. ಉತ್ತರ ಬರಲಿಲ್ಲ.

ಪೋರ್ಟಲ್‌ಗೆ ಸಂದೇಶ ತಲುಪಲೇ ಇಲ್ಲವೇ? ತಲುಪಿ, ನೋಂದಣಿಯಾಗಿ, ಉತ್ತರ ದಾರಿಯಲ್ಲಿ ಕಳೆದುಹೋಯಿತೇ? ಕಾರ್ಖಾನೆಯ ಕಂಪ್ಯೂಟರಿಗೆ ಎರಡೂ ಒಂದೇ ರೀತಿ ಕಾಣುತ್ತವೆ: ಮೌನ. ಮತ್ತೆ ಕಳಿಸಿದರೆ ಒಂದೇ ಸರಕಿಗೆ ಎರಡು ಬಿಲ್ ಆಗಿ ಎರಡು ಸಲ ತೆರಿಗೆ ಬಿದ್ದೀತು. ಸುಮ್ಮನಿದ್ದರೆ ಲಾರಿ ಹೊರಡುವಂತಿಲ್ಲ.

ಗಣಕ ವಿಜ್ಞಾನದಲ್ಲಿ ಇದನ್ನು ‘ಇಬ್ಬರು ಸೇನಾಪತಿಗಳ ಸಮಸ್ಯೆ’ ಎನ್ನುತ್ತಾರೆ. 1975ರಲ್ಲಿ ಮೂವರು ಸಂಶೋಧಕರು ಇದನ್ನು ವಿವರಿಸಿದರು. 1978ರಲ್ಲಿ ಜಿಮ್ ಗ್ರೇ ಈ ಹೆಸರು ಕೊಟ್ಟರು. ಎರಡು ಗುಡ್ಡಗಳ ಮೇಲೆ ಒಂದೇ ಪಕ್ಷದ ಇಬ್ಬರು ಸೇನಾಪತಿಗಳು, ನಡುವಿನ ಕಣಿವೆಯಲ್ಲಿ ಶತ್ರು. ಇಬ್ಬರೂ ಒಟ್ಟಿಗೆ ಏರಿ ಹೋದರೆ ಗೆಲುವು, ಒಬ್ಬನೇ ಹೋದರೆ ನಾಶ. ದೂತ ಕಣಿವೆ ದಾಟಿಯೇ ಹೋಗಬೇಕು, ಸಿಕ್ಕಿಬೀಳಲೂಬಹುದು. ಹಾಗಿದ್ದರೆ ಎಷ್ಟು ಸಂದೇಶ ಕಳಿಸಿಕೊಂಡರೆ ಇಬ್ಬರಿಗೂ ಖಚಿತವಾದೀತು?

ಎಷ್ಟು ಕಳಿಸಿದರೂ ಆಗದು. ಸಾಕಾಗುವ ಅತಿ ಚಿಕ್ಕ ಸಂದೇಶಮಾಲೆ ಒಂದಿದೆ ಎಂದೇ ಇಟ್ಟುಕೊಳ್ಳಿ. ಅದರ ಕೊನೆಯ ಸಂದೇಶ ತಲುಪಿತೋ ಇಲ್ಲವೋ ಎಂದು ಕಳಿಸಿದವನಿಗೆ ತಿಳಿಯುವುದಿಲ್ಲ, ಆದರೂ ಅವನು ದಾಳಿಗೆ ಹೊರಡಬೇಕು. ಅಂದಮೇಲೆ ಅದು ತಲುಪದಿದ್ದರೂ ಎದುರಿನವನು ಹೊರಟಿರಲೇಬೇಕು. ಅಂದರೆ ಆ ಕೊನೆಯ ಸಂದೇಶ ಬೇಕಿರಲೇ ಇಲ್ಲ. ಅದನ್ನು ಬಿಟ್ಟರೆ ಇನ್ನೂ ಚಿಕ್ಕ ಮಾಲೆ ಸಿಕ್ಕಿತು. ಅತಿ ಚಿಕ್ಕದು ಎಂದುಕೊಂಡಿದ್ದಕ್ಕೇ ಇದು ವಿರುದ್ಧ. ಯಾವ ವೇಗದ ನೆಟ್‌ವರ್ಕ್ ಬಂದರೂ ಅದು ಸಂದೇಶ ಕಳೆದುಕೊಳ್ಳುವಂಥದ್ದಾದರೆ ಈ ವಾದ ಹಾಗೇ ನಿಲ್ಲುತ್ತದೆ.

ಖಚಿತತೆ ಸಿಗದು ಎಂದಾದ ಮೇಲೆ ಎಂಜಿನಿಯರುಗಳು ಪ್ರಶ್ನೆಯನ್ನೇ ಬದಲಿಸಿದರು. ಎಷ್ಟು ಸಲ ಕಳಿಸಿದರೂ ಒಂದು ಸಲ ಕಳಿಸಿದಷ್ಟೇ ಪರಿಣಾಮವಾಗುವಂತೆ ಮಾಡಿದರೆ? ಆಗ ಅನುಮಾನ ಬಂದಾಗಲೆಲ್ಲ ಧೈರ್ಯವಾಗಿ ಮತ್ತೆ ಕಳಿಸಬಹುದು. ಐಆರ್‌ಎನ್‌ನ ರಚನೆಯಲ್ಲಿ ಈ ಉಪಾಯ ಅಚ್ಚುಕಟ್ಟಾಗಿ ಕೂತಿದೆ. ಮಾರುವವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ, ಈ ನಾಲ್ಕನ್ನು ಸೇರಿಸಿ ಎಸ್‌ಎಚ್‌ಎ-256 ಎಂಬ ಗಣಿತ ಕ್ರಿಯೆಗೆ ಒಡ್ಡಿದರೆ 64 ಅಕ್ಷರಗಳ ಒಂದು ಹ್ಯಾಶ್ ಹೊರಬರುತ್ತದೆ. ಅದೇ ಐಆರ್‌ಎನ್. ಅದೇ ನಾಲ್ಕು ಸಂಗತಿ ಕೊಟ್ಟರೆ ಯಾವಾಗ ಮಾಡಿದರೂ ಅದೇ 64 ಅಕ್ಷರ. ಒಂದು ಅಂಕೆ ಬದಲಾದರೂ ಪೂರಾ ಬೇರೆ. ಕ್ಲರ್ಕ್ ಎರಡನೇ ಸಲ ಬಟನ್ ಒತ್ತಿದಾಗ ಅದೇ ಐಆರ್‌ಎನ್ ಹುಟ್ಟುತ್ತದೆ, ಪೋರ್ಟಲ್ ‘ಇದು ಆಗಲೇ ನೋಂದಣಿಯಾಗಿದೆ’ ಎಂದು ತಿರಸ್ಕರಿಸಿ ಹಳೆಯ ನೋಂದಣಿಯ ವಿವರ ಹೇಳುತ್ತದೆ. ಆ ತಿರಸ್ಕಾರವೇ ಕಾರ್ಖಾನೆಗೆ ಬೇಕಾಗಿದ್ದ ಉತ್ತರ. ಇಲ್ಲಿ ಕಾರ್ಖಾನೆಯ ಸಾಫ್ಟ್‌ವೇರ್ ಬರೆದವರ ಜಾಣ್ಮೆ ಮುಖ್ಯವಾಗುತ್ತದೆ. ಅವರು ಆ ಸಂದೇಶವನ್ನು ‘ದೋಷ’ ಎಂದು ಕೆಂಪಾಗಿ ತೋರಿಸಿ ಬಿಟ್ಟರೆ, ಗಾಬರಿಯಾದ ಕ್ಲರ್ಕ್ ಹೊಸ ಸಂಖ್ಯೆ ಕೊಟ್ಟು ಹೊಸ ಇನ್‌ವಾಯ್ಸ್ ಮಾಡುತ್ತಾರೆ. ಆಗ ನಿಜವಾಗಿಯೂ ಎರಡು ಬಿಲ್!

ಈ ರಚನೆಯಲ್ಲೂ ಒಂದು ಸಂದಿಯಿತ್ತು. ಇನ್‌ವಾಯ್ಸ್ ಸಂಖ್ಯೆಯಲ್ಲಿನ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರಗಳು ಮನುಷ್ಯರಿಗೆ ಒಂದೇ, ಹ್ಯಾಶ್‌ಗೆ ಬೇರೆ ಬೇರೆ. ಒಂದೇ ಬಿಲ್ ಎರಡು ರೂಪದಲ್ಲಿ ನೋಂದಣಿಯಾಗುವ ಸಾಧ್ಯತೆ ಇತ್ತು. 2025ರ ಜೂನ್ 1ರಿಂದ ಪೋರ್ಟಲ್ ಎಲ್ಲವನ್ನೂ ಮೊದಲು ದೊಡ್ಡಕ್ಷರಕ್ಕೆ ತಿರುಗಿಸಿ ಆಮೇಲೆ ಹ್ಯಾಶ್ ತೆಗೆಯುತ್ತದೆ. ಅರ್ಥದ ಕೀಲೂ ತಲುಪುವಿಕೆಯ ಕೀಲೂ ಹೀಗೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ.

ಇನ್ನು ಹೊಸ ವ್ಯವಸ್ಥೆಗೆ ದಾಟುವ ದಿನದ ಮಾತು. 1999ರಲ್ಲಿ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ ಇಆರ್‌ಪಿ, ಗ್ರಾಹಕ ನಿರ್ವಹಣೆ, ಸರಬರಾಜು ಯೋಜನೆ ಎಂಬ ಮೂರು ಸಾಫ್ಟ್‌ವೇರ್‌ಗಳನ್ನು, ಮೂರು ಬೇರೆ ಕಂಪನಿಗಳಿಂದ ತಂದು, ಒಟ್ಟಿಗೆ ಹೂಡಿತು. ಖರ್ಚು 11.2 ಕೋಟಿ ಡಾಲರ್. ನಾಲ್ಕು ವರ್ಷ ಬೇಕೆಂದಿದ್ದ ಕೆಲಸವನ್ನು ಮೂವತ್ತು ತಿಂಗಳಿಗೆ ಅದುಮಿದರು. ಅದೂ ತಡವಾಗಿ, ಚಾಲೂ ಆದದ್ದು ಹ್ಯಾಲೋವೀನ್ ಹಬ್ಬದ ಆರ್ಡರುಗಳು ಬರುವ ಜುಲೈನಲ್ಲಿ. ಮಿಠಾಯಿ ಗೋದಾಮಿನಲ್ಲಿತ್ತು, ಅಂಗಡಿಗಳಿಗೆ ಹೋಗಲಿಲ್ಲ. ಆ ತ್ರೈಮಾಸಿಕದ ಲಾಭ ಶೇಕಡಾ 19 ಕುಸಿಯಿತು. ಹಬ್ಬದ ಮುಂಚೆ ಸಿಬ್ಬಂದಿ ಸರಕನ್ನು ಸಿಕ್ಕ ಖಾಲಿ ಜಾಗಗಳಲ್ಲೆಲ್ಲ ತಾತ್ಕಾಲಿಕವಾಗಿ ಇಡುವ ರೂಢಿಯಿತ್ತು, ಆ ಜಾಗಗಳನ್ನು ಹೊಸ ವ್ಯವಸ್ಥೆಗೆ ಹೇಳಿರಲೇ ಇಲ್ಲ ಎಂದೂ ವರದಿಯಾಯಿತು.

ಈ ಕೊನೆಯ ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಗೋಡೌನ್ ನೋಡಿಕೊಳ್ಳುವವರಿಗೆ ಅದು ಗೊತ್ತಿತ್ತು, ಅವರನ್ನು ಕೇಳುವವರಿರಲಿಲ್ಲ. ನಮ್ಮಲ್ಲೂ ಇಆರ್‌ಪಿ ಸಭೆಗಳಲ್ಲಿ ಮಾಲೀಕರು, ಸಲಹೆಗಾರರು, ಐಟಿಯವರು ಕೂರುತ್ತಾರೆ. ಯಾವ ರ‍್ಯಾಕಿನಲ್ಲಿ ಏನಿದೆ, ಯಾವ ಗ್ರಾಹಕರ ಹೆಸರು ಮೂರು ರೀತಿಯಲ್ಲಿ ಬರೆದಿದೆ, ಯಾವ ವಸ್ತು ಕಿಲೋದಲ್ಲಿ ಬಂದು ಮೀಟರಿನಲ್ಲಿ ಹೋಗುತ್ತದೆ ಎಂದು ಬಲ್ಲ ಸ್ಟೋರ್ ಕೀಪರ್ ಕೊನೆಯ ವಾರದ ತರಬೇತಿಗೆ ಬರುತ್ತಾರೆ. ಅವರನ್ನು ಮೊದಲ ದಿನವೇ ಕೂರಿಸಿ, ಅವರ ದಿನನಿತ್ಯದ ಕೆಲಸದ ಹೊರೆಯನ್ನು ಆ ತಿಂಗಳುಗಳಲ್ಲಿ ಬೇರೆಯವರಿಗೆ ಹಂಚಬೇಕು. ಲೈಸೆನ್ಸಿಗೆ ಸುರಿಯುವ ಹಣಕ್ಕೆ ಹೋಲಿಸಿದರೆ ಈ ಖರ್ಚು ಅಲ್ಪ.

ಚಾಲೂ ಆದ ಮೇಲೆ ಮಾಡಬೇಕಾದ ಒಂದು ಕೆಲಸವನ್ನಂತೂ ಯಾವ ಸಾಫ್ಟ್‌ವೇರೂ ತಪ್ಪಿಸಲಾರದು. ಪ್ರತಿದಿನ ಬೆಳಿಗ್ಗೆ ಪ್ರತಿ ಕೀಲಿನ ಎರಡೂ ಬದಿ ಎಣಿಸಬೇಕು: ನಿನ್ನೆ ನಮ್ಮ ಇಆರ್‌ಪಿಯಲ್ಲಿ ಎಷ್ಟು ಇನ್‌ವಾಯ್ಸ್ ಆದವು, ಪೋರ್ಟಲ್‌ನಲ್ಲಿ ಎಷ್ಟಿವೆ, ಎರಡರ ಮೊತ್ತ ಒಂದೇ ಇದೆಯೇ. ಪೋರ್ಟಲ್‌ನಲ್ಲಿ ಇ-ಇನ್‌ವಾಯ್ಸ್ ರದ್ದು ಮಾಡಲು ಇರುವ ಅವಕಾಶ 24 ಗಂಟೆ ಮಾತ್ರ. ನಿನ್ನೆ ಸಂಜೆ ಏಳಕ್ಕೆ ಎರಡಾದ ಬಿಲ್ಲನ್ನು ಇವತ್ತು ಬೆಳಿಗ್ಗೆ ಹತ್ತಕ್ಕೆ ಕಂಡರೆ ಅಲ್ಲೇ ರದ್ದು ಮಾಡಬಹುದು. ತಿಂಗಳ ಕೊನೆಗೆ ಕಂಡರೆ ಕ್ರೆಡಿಟ್ ನೋಟ್ ಕೊಟ್ಟು, ಕೊಂಡವರಿಗೆ ಫೋನ್ ಮಾಡಿ, ರಿಟರ್ನ್‌ನಲ್ಲಿ ಸರಿಪಡಿಸಿಕೊಳ್ಳಬೇಕು.